ಬೊಂಬಾಯಿಯ ಮಡಿಲಕ್ಕಿ

ಬೊಂಬಾಯಿಗೆ ಅವರೆಕಾಯಿ ಮೂಟೆ ಹೊತ್ತುಕೊಂಡು ಹೋದವಳು ನಾನೊಬ್ಬಳೇ ಇರಬೇಕು. ರೈಲಿನಲ್ಲಿ ಟಿಕೆಟು ನೋಡುವವನು ಮೂಟೆಯನ್ನು ಬೂಟುಗಾಲಲ್ಲಿ ತಳ್ಳಿ ಹಿಂದಿಯಲ್ಲಿ ಏನೋ ಕೇಳಿದ. "ಅವರೆಕಾಯಿ ಕಣಪ್ಪ, ತಿನ್ನೋ ವಸ್ತುವ ಕಾಲಲ್ಲಿ ಒದೀತಾರಾ? ನಿಮ್ಮವ್ವ ಯೋಳಿಕೊಟ್ಟಿಲ್ವಾ?" ಎಂದು ಕನ್ನಡದಲ್ಲೇ ದಬಾಯಿಸಿದೆ. ಅವನು ಕಾಲು ತೆಗೆದ. ಗಟ್ಟಿಯಾಗಿ ಹೇಳಿದರೆ ಕನ್ನಡ ಎಲ್ಲರಿಗೂ ಅರ್ಥವಾಗುತ್ತದೆ ಎಂದು ನನಗೆ ಅವತ್ತೇ ಗೊತ್ತಾಯಿತು.

ತೊಂಬತ್ತೆಂಟನೇ ಇಸವಿ, ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ನಮ್ಮದು ಬೆಟ್ಟದಪುರ. ನಮ್ಮ ಯಜಮಾನರು ದೊಡ್ಡಬೀರಯ್ಯನವರಿಗೆ ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಹರಾಜು. ಸೊಪ್ಪಿನ ಬೇಲು ಬಿಟ್ಟು ಹೆಂಡತಿಯ ಹಿಂದೆ ಬರುವ ಗಂಡಸಲ್ಲ ಅವರು. ಬಸ್‌ಸ್ಟ್ಯಾಂಡಿನ ತನಕ ಬಂದು, "ಅಲ್ಲಿ ಯಾರ ಜೊತೇಲೂ ಜಗಳ ಆಡಬ್ಯಾಡ ಕಣಮ್ಮಿ, ಬುಡಿಸೋಕೆ ನಾನಿರಕಿಲ್ಲ" ಎಂದು ಬುದ್ಧಿ ಹೇಳಿ ಹೋದರು. ಬೆಂಗಳೂರಿನಲ್ಲಿ ಅವರ ಅಕ್ಕನ ಮಗ ಕಾಂತರಾಜು ರೈಲು ಹತ್ತಿಸಿದ.

ನಾನು ಹೊರಟದ್ದು ಊರು ನೋಡುವುದಕ್ಕಲ್ಲ. ಮಗಳು ರಮ್ಯಾ ಬಸುರಿ. ಚೊಚ್ಚಲು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ನಮ್ಮ ಕಡೆಯ ಪದ್ಧತಿ. ಅವಳನ್ನು ಕರೆದುಕೊಂಡು ಬರಬೇಕಿತ್ತು. ಕಾಗದ ಬರೆದರೆ "ನೋಡೋಣ" ಎನ್ನುತ್ತಿದ್ದಳು, ಫೋನು ಮಾಡಿದರೆ ಲೈನು ಸರಿಯಿಲ್ಲ ಎನ್ನುತ್ತಿದ್ದಳು. ಸರಿ, ನಾನೇ ಹೋಗಿ ಜುಟ್ಟು ಹಿಡಿದು ಎಳೆದುಕೊಂಡು ಬರುತ್ತೇನೆ ಎಂದು ಎದುರುಮನೆ ಚಿಕ್ಕಸಿದ್ದಮ್ಮನ ಹತ್ತಿರ ಸವಾಲು ಹಾಕಿ ಬಂದಿದ್ದೆ.

ಈ ಚಿಕ್ಕಸಿದ್ದಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ವರ್ಷಕ್ಕೆರಡು ಸಲ ಅವಳು ತವರಿಗೆ ಹೋಗುತ್ತಾಳೆ. ಬರುವಾಗ ಮಡಿಲಕ್ಕಿ ಕಟ್ಟಿಸಿಕೊಂಡು ಬರುತ್ತಾಳೆ. ಸೆರಗಿನಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ. ಬೀದಿಗೆ ಕಾಲಿಡುತ್ತಲೇ, "ತವರಿಂದ ಬತ್ತಾ ಇವ್ನಿ, ಯಾರಾದ್ರೂ ಕಾಲಿಗೆ ನೀರು ಕೊಡ್ರವ್ವಾ" ಎಂದು ಕೂಗುತ್ತಾಳೆ. ಆ ಕೂಗು ಕೇಳಿದರೆ ನನಗೆ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಗುತ್ತದೆ. ಯಾಕೆಂದರೆ ನನಗೆ ತವರಿಲ್ಲ. ಅವ್ವ ನಾನು ಲಂಗ ತೊಡುವ ಕಾಲಕ್ಕೇ ಹೋದಳು. ಎಚ್.ಡಿ. ಕೋಟೆ ಕಡೆಯ ನಮ್ಮೂರು ನನ್ನ ಮದುವೆಯಾದ ವರ್ಷವೇ ಕಬಿನಿ ಹಿನ್ನೀರಿನಲ್ಲಿ ಮುಳುಗಿತು. ರಮ್ಯಾ ಹುಟ್ಟಿದ್ದು ಅತ್ತೆಮನೆಯ ನಡುಮನೆಯಲ್ಲಿ, ಅತ್ತೆಯ ಗೊಣಗಾಟದ ನಡುವೆ. ನನ್ನ ಮಡಿಲು ಯಾರೂ ತುಂಬಲಿಲ್ಲ. ನನಗಿಲ್ಲದ್ದು ನನ್ನ ಮಗಳಿಗೆ ಸಿಗಲೇಬೇಕು ಎಂದು ಅವತ್ತೇ ಹಟ ಹಿಡಿದಿದ್ದೆ.

ಅಳಿಯ ಶಿವಶಂಕರ ಸ್ಟೇಷನ್ನಿಗೆ ಬಂದಿದ್ದ. ಚುಂಚನಕಟ್ಟೆಯ ಹುಡುಗ, ರೈಲ್ವೆಯಲ್ಲಿ ಫಿಟ್ಟರ್, ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಸಾಧು. ಮೂಟೆ ಹೆಗಲಿಗೇರಿಸಿಕೊಂಡು ಮುಂದೆ ನಡೆದ. ಅಬ್ಬಬ್ಬಾ, ಏನು ಜನ, ಏನು ಬಿಸಿಲು! ನಮ್ಮಲ್ಲಿ ಪುಷ್ಯ ಮಾಸದಲ್ಲಿ ಹಲ್ಲು ಕಟಕಟ ಎನ್ನುತ್ತದೆ. ಇಲ್ಲಿ ಬಿಸಿಲು ಮದುವೆ ಮನೆಯ ಲೈಟಿನ ಹಾಗೆ ಝಗಝಗ. ನಾನು ಹೊದ್ದಿದ್ದ ಶಾಲನ್ನು ಕಿತ್ತು ಕಂಕುಳಿಗೆ ಸಿಕ್ಕಿಸಿದೆ. ಕ್ವಾರ್ಟರ್ಸು ಮೂರನೇ ಮಹಡಿ. ಉದ್ದನೆಯ ಒಂದೇ ಜಗಲಿ, ಜಗಲಿಯುದ್ದಕ್ಕೂ ಬಾಗಿಲುಗಳು. ತಂತಿಗಳ ತುಂಬ ಒಣಗಿದ ಬಟ್ಟೆ, ನಮ್ಮ ಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಕೋಲಿಗೆ ಕಟ್ಟಿದ ಹೊಗೆಸೊಪ್ಪಿನಂತೆ ಒತ್ತೊತ್ತಾಗಿ.

ರಮ್ಯಾ ಬಾಗಿಲಲ್ಲಿ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖಕ್ಕೆ ಕಳೆ ಬಂದಿತ್ತು. ನೀರು ಕುಡಿಯುವ ಮೊದಲೇ ನಾನು ವಿಷಯಕ್ಕೆ ಬಂದೆ.

"ಬಟ್ಟೆ ಜೋಡಿಸ್ಕೊ. ಮೂರೇ ದಿನ ನಾನಿರೋದು."

"ನಾ ಬರಕಿಲ್ಲ ಕಣವ್ವ," ಎಂದಳು, ಅಷ್ಟೇ ಸಲೀಸಾಗಿ. "ಆಸ್ಪತ್ರೆ ಇಲ್ಲೇ ಬೀದಿ ಕೊನೇಲೈತೆ. ಪಕ್ಕದ ಮನೆ ಅನ್ನಮ್ಮ ಅದೇ ಆಸ್ಪತ್ರೇಲಿ ನರ್ಸು. ಅಲ್ಲಿ ನೋವು ಬಂದ್ರೆ ಮೈಸೂರು ಗಂಟ ಜೀಪಲ್ಲಿ ಕುಲುಕ್ಕೊಂಡು ಓಗ್ಬೇಕು. ಅದೂ ಅಲ್ದೆ ನಂಗೆ ಇಲ್ಲೇ ಇರೋಕೆ ಆಸೆ."

"ಆಸೆಯಂತೆ ಆಸೆ! ಊರೋರು ನನ್ನ ಮಕಕ್ಕೆ ಉಗೀತಾರೆ ಕಣೇ, ಮಗಳ ಚೊಚ್ಚಲು ಬಾಣಂತನ ಮಾಡಕಾಗದೋಳು ಅಂತ."

ಅವಳು ಸುಮ್ಮನಾದಳು. ಆ ಹಟವೇನೋ ನನ್ನಿಂದಲೇ ಬಂದ ಬಳುವಳಿ. ಜಗಳವಾಡಿದರೆ ಗೆಲ್ಲಬಹುದು, ಸುಮ್ಮನಿದ್ದರೆ ಏನು ಮಾಡುವುದು? ನನಗೆ ಸಿಟ್ಟು ನೆತ್ತಿಗೇರಿತು. ಮೂಟೆ ಜಗಲಿಗೆ ಎಳೆದು, ಕಾಲು ಚಾಚಿ ಕೂತು, ಅವರೆಕಾಯಿ ಬಿಡಿಸತೊಡಗಿದೆ. ಕಾಳನ್ನು ನೀರಿಗೆ ಹಾಕಿದೆ. ನೆನೆದ ಮೇಲೆ ಒಂದೊಂದನ್ನೇ ಬೆರಳಲ್ಲಿ ಹಿಸುಕಿ ಸಿಪ್ಪೆ ಕಳಚಬೇಕು. ಸಿಟ್ಟು ಬಂದವರಿಗೆ ಅದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಮೊದಲು ಬಂದವಳು ಕುಸುಮತಾಯಿ, ಎದುರು ತುದಿಯ ಮರಾಠಿ ಮುತ್ತೈದೆ. ಕಾಸಿನಗಲ ಕುಂಕುಮ, ಕಚ್ಚೆ ಸೀರೆ, ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವಳು. ಹೇಳದೆ ಕೇಳದೆ ಎದುರು ಕೂತು ಕಾಳಿಗೆ ಕೈ ಹಾಕಿದಳು. ಮೊದಲನೇ ಬೇಳೆ ಚಿಮ್ಮಿ ಜಗಲಿ ದಾಟಿ ಕೆಳಗಿನ ಬೀದಿಗೆ ಹೋಯಿತು. ಎರಡನೆಯದು ನನ್ನ ಹಣೆಗೆ ಬಿತ್ತು. ನಾನು ಬೈಯಬೇಕೆಂದು ಬಾಯಿ ತೆರೆದೆ, ಅವಳು ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಅನ್ನಮ್ಮ ಬಂದಳು, ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ. ಅವಳ ಮಲಯಾಳ ನನಗೆ ಅರ್ಧ ತಿಳಿಯುತ್ತಿತ್ತು, ನಮ್ಮ ಕಡೆ ಶುಂಠಿ ಬೆಳೆಯಲು ಬರುವ ಕೇರಳದವರ ಪುಣ್ಯದಿಂದ. ಆಚೆ ಮನೆಯ ಜುಬೇದಾ ಬಂದಳು. ಅವಳ ಹತ್ತಿರ ನನ್ನ ಪಿರಿಯಾಪಟ್ಟಣ ಸಂತೆಯ ಉರ್ದು ನಡೆಯಿತು. ಜಗಲಿಯ ತುಂಬ ಅವರೆ ಸಿಪ್ಪೆ, ನಾಲ್ಕು ಭಾಷೆ.

ಕುಸುಮತಾಯಿ ರಮ್ಯಾಳ ಮೂಲಕ ನನ್ನನ್ನು ಕೇಳಿದಳು, ನಿನ್ನ 'ಮಾಹೇರ್' ಎಲ್ಲಿ ಅಂತ. ಮಾಹೇರ್ ಅಂದರೆ ತವರಂತೆ.

"ನೀರೊಳಗೆ ಐತೆ ಅಂತ ಯೋಳು," ಎಂದೆ. ರಮ್ಯಾ ಎಲ್ಲವನ್ನೂ ಬಿಡಿಸಿ ಹೇಳಿದಳು ಕಾಣುತ್ತದೆ, ಮಾತು ಉದ್ದವಾಯಿತು. ಕುಸುಮತಾಯಿ ನಗುವುದನ್ನು ನಿಲ್ಲಿಸಿದಳು. ನನ್ನ ಕಡೆ ಒಮ್ಮೆ ನೋಡಿ ಮತ್ತೆ ಕಾಳು ಹಿಸುಕತೊಡಗಿದಳು.

ಹಿಸುಕಿದ ಬೇಳೆ ಸಾರು ಕುದಿಯುವಾಗ ಸೊಗಡಿನ ಘಮ ಮೂರೂ ಮಹಡಿ ಇಳಿದಿರಬೇಕು. ಕೈ ಹಾಕಿದ ಮೂವರಿಗೂ ಡಬ್ಬಿಯಲ್ಲಿ ಸಾರು ಕಳಿಸಿದೆ. ಅಲ್ಲೇ ನಾನು ಸಿಕ್ಕಿಬಿದ್ದದ್ದು. ಮರುದಿನ ಬೆಳಿಗ್ಗೆ ಡಬ್ಬಿಗಳು ವಾಪಸು ಬಂದವು, ಜೊತೆಗೆ ತುಂಬಿದ ಪಾತ್ರೆಗಳು! ಕುಸುಮತಾಯಿಯದರಲ್ಲಿ ಹೋಳಿಗೆ, ಜುಬೇದಾಳದರಲ್ಲಿ ಶಾವಿಗೆ ಪಾಯಸ, ಅನ್ನಮ್ಮನದರಲ್ಲಿ ಸಮುದ್ರದ ಮೀನಿನ ಸಾರು. ಅದೂ ನಮ್ಮ ಡಬ್ಬಿಯಲ್ಲಲ್ಲ, ಅವರವರ ಪಾತ್ರೆಯಲ್ಲಿ. ನಮ್ಮ ಕಡೆ ಇನ್ನೊಬ್ಬರ ಪಾತ್ರೆಯನ್ನು ಬರಿದು ಮಾಡಿ ವಾಪಸು ಕೊಡುವುದುಂಟೇ? ಏನಿಲ್ಲವೆಂದರೂ ಒಂದು ಚೂರು ಬೆಲ್ಲ ಹಾಕಿ ಕೊಡಬೇಕು. ಆದರೆ ಹೋಳಿಗೆಗೆ ಪ್ರತಿಯಾಗಿ ಚೂರು ಬೆಲ್ಲ ಕೊಟ್ಟರೆ ಬೆಟ್ಟದಪುರದ ಮಾನ ಉಳಿಯುತ್ತದೆಯೇ? ಅವರೆಕಾಳು ಉಪ್ಪಿಟ್ಟು ಮಾಡಿ ಕಳಿಸಿದೆ. ಅವರು ಮತ್ತೇನೋ ತುಂಬಿ ಕಳಿಸಿದರು. ನಾನು ಅಕ್ಕಿರೊಟ್ಟಿ ತಟ್ಟಿದೆ. ಪಾತ್ರೆಗಳು ಜಗಲಿಯಲ್ಲಿ ಶಟಲ್ ಬಸ್ಸಿನಂತೆ ಓಡಾಡಿದವು. ಮೂರು ದಿನ ಎಂದವಳು ವಾರ ದಾಟಿದೆ. ಯಾವ ಬಾಗಿಲಿಗಾದರೂ ಒಂದು ಪಾತ್ರೆ ಬಾಕಿ ಇರುವಾಗ ಊರು ಬಿಡುವುದು ಹೇಗೆ?

"ಪಾತ್ರೆ ತೀರಿಸಿ ಬತ್ತೀನಿ ಅಂದ್ರೆ ಏನಮ್ಮಿ ಅರ್ಥ?" ಎಂದು ಫೋನಿನಲ್ಲಿ ಯಜಮಾನರು ಕಿರುಚಿದರು. ಲೈನು ಸರಿಯಿಲ್ಲ ಎಂದು ಇಟ್ಟುಬಿಟ್ಟೆ.

ಭಾನುವಾರ ಅಳಿಯ ನಮ್ಮನ್ನು ಚೌಪಾಟಿಗೆ ಕರೆದುಕೊಂಡು ಹೋದ. ಸಮುದ್ರ ನೋಡಿದ್ದು ಅದೇ ಮೊದಲು. ಅಷ್ಟು ನೀರಿದೆ, ಒಂದು ಮಡಿ ಭತ್ತ ಬೆಳೆಯಲಾಗುವುದಿಲ್ಲ, ಎಂಥ ದಂಡ! ಆದರೂ ಕಣ್ಣು ಕೀಳಲಾಗಲಿಲ್ಲ. ಬುರ್ಖಾ ತೊಟ್ಟವರು, ಪಗಡಿ ಸುತ್ತಿದವರು, ಚಡ್ಡಿ ತೊಟ್ಟ ಬಿಳಿಯರು, ಎಲ್ಲರೂ ಒಂದೇ ಮರಳಿನಲ್ಲಿ ಕೂತು ಒಂದೇ ಭೇಲ್‌ಪುರಿ ತಿನ್ನುತ್ತಿದ್ದರು. ಯಾರ ಕುಲವನ್ನೂ ಯಾರೂ ಕೇಳುವಂತಿರಲಿಲ್ಲ. ರಮ್ಯಾ ಭೇಲ್‌ಪುರಿಯವನ ಹತ್ತಿರ ಖಾರ ಸಾಲದೆಂದು ಹಿಂದಿಯಲ್ಲಿ ಜಗಳ ತೆಗೆದಳು. ಎಳನೀರಿನವನನ್ನು ತಮಿಳಿನಲ್ಲಿ ರೇಗಿಸಿದಳು. ಬಿಸಿಲು ಅವಳ ಮುಖದ ಮೇಲೆ ಬಿದ್ದು ಅವಳು ನಗುತ್ತಿದ್ದಳು. ನಮ್ಮೂರಿನಲ್ಲಿ ಅಂಗಡಿಗೆ ಹೋಗು ಎಂದರೆ ನನ್ನ ಸೆರಗು ಹಿಡಿಯುತ್ತಿದ್ದ ಹುಡುಗಿ! ನನಗೆ ಹೊಟ್ಟೆಕಿಚ್ಚಾಯಿತು. ಸುಳ್ಳೇಕೆ ಹೇಳಲಿ, ಈ ಊರಿನ ಮೇಲೇ ಹೊಟ್ಟೆಕಿಚ್ಚಾಯಿತು. ನನ್ನ ಮಗಳನ್ನು ನನಗಿಂತ ಚೆನ್ನಾಗಿ ಬೆಳೆಸಿಬಿಟ್ಟಿತಲ್ಲ ಎಂದು.

ನೀರಿನ ಅಂಚಿಗೆ ಹೋಗಿ ನಿಂತೆ. ಅಲೆ ಬಂದು ಪಾದ ಮುಳುಗಿಸಿತು. ಅವ್ವ ನೆನಪಾದಳು, ಕಣ್ಣು ತುಂಬಿತು. ರಮ್ಯಾ ಹತ್ತಿರ ಬಂದು ನನ್ನ ಕೈ ಹಿಡಿದಳು.

"ಆಯ್ತು ಬುಡವ್ವ, ಅಳಬ್ಯಾಡ. ಬತ್ತೀನಿ," ಎಂದಳು.

ಗೆದ್ದೆ. ಗೆದ್ದೆನಲ್ಲ! ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಮುಖ ನೋಡಿದೆ. ಕಿಟಕಿಯಾಚೆ ನೋಡುತ್ತ, ಗಂಡನ ತೋಳಿಗೆ ಒರಗಿ, ಮುದುಡಿಕೊಂಡಿದ್ದಳು. ನಾನು ಆ ಕಡೆ ನೋಡುವುದನ್ನು ಬಿಟ್ಟೆ.

ಹೊರಡುವ ದಿನ ಬಂತು. ಪಾತ್ರೆಗಳನ್ನೆಲ್ಲ ಉಳಿದ ಅವರೆಕಾಳು ತುಂಬಿಸಿ ತಲುಪಿಸಿದೆ. ರಮ್ಯಾಳ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಶಿವಶಂಕರ ಟಿಕೆಟು ಹಿಡಿದು ಮಗುವಿನಂತೆ ಸಪ್ಪೆ ಮುಖ ಮಾಡಿ ನಿಂತಿದ್ದ. ಆಗ ಕುಸುಮತಾಯಿ ತಟ್ಟೆ ಹಿಡಿದು ಬಂದಳು, ಹಿಂದೆ ಅನ್ನಮ್ಮ, ಜುಬೇದಾ. ತಟ್ಟೆ ನೋಡಿದ ಕೂಡಲೇ ನನಗೆ ತಿಳಿಯಿತು. ಅಕ್ಕಿ, ತೆಂಗಿನಕಾಯಿ, ಅರಿಸಿನ ಕುಂಕುಮ, ಹಸಿರು ರವಿಕೆ ಕಣ. ಎಲಾ ಇವಳ, ಇವರಲ್ಲೂ ಮಡಿಲಕ್ಕಿ ಉಂಟಲ್ಲ!

"ಕೂತ್ಕೊಳ್ಳೆ, ಬಸುರಿ ಎಂಗ್ಸು, ಒಳ್ಳೇದು," ಎಂದು ರಮ್ಯಾಳನ್ನು ಮಣೆಯ ಮೇಲೆ ಕೂರಿಸಿದೆ. ಸೆರಗನ್ನೂ ನಾನೇ ಹಿಡಿದು ಚಾಚಿಸಿದೆ.

ಕುಸುಮತಾಯಿ ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡಳು. ತಲೆಯಾಡಿಸಿದಳು. ಗದರುವ ಧ್ವನಿಯಲ್ಲಿ ಏನೋ ಹೇಳಿದಳು.

"ಏನಂತೆ?" ಎಂದೆ ನಾನೂ ಗದರಿ.

ರಮ್ಯಾ ಮಣೆಯಿಂದ ಮೆಲ್ಲಗೆ ಎದ್ದಳು. "ತವರಿಗೆ ಓಗೋಳಿಗೆ ಯಾರಾದ್ರೂ ಮಡ್ಲು ತುಂಬ್ತಾರಾ ಅಂತ ಕೇಳ್ತಾವ್ರೆ ಕಣವ್ವ. ತವರಿಂದ ಓಗೋಳಿಗೆ ತುಂಬೋದು. ಇಲ್ಲಿ ತವರು ಬುಟ್ಟು ಓಗ್ತಾ ಇರೋಳು ನೀನಂತೆ. ಇದು ನಿನ್ನ ಮಾಹೇರಂತೆ."

ಪದ್ಧತಿಯಲ್ಲಿ ನಾನು ತಪ್ಪುವವಳಲ್ಲ. ಊರಿನಲ್ಲಿ ಯಾರ ಮನೆಯ ಶಾಸ್ತ್ರಕ್ಕೂ ನನ್ನನ್ನೇ ಕೇಳುತ್ತಾರೆ. ಅವತ್ತು ತಪ್ಪಿದ್ದೆ. ಮಡಿಲು ನನ್ನದೂ ಇದೆ ಎಂಬುದೇ ನನಗೆ ಮರೆತುಹೋಗಿತ್ತು.

ಕುಸುಮತಾಯಿ ನನ್ನ ಭುಜ ಒತ್ತಿ ಮಣೆಯ ಮೇಲೆ ಕೂರಿಸಿದಳು. ಅರಿಸಿನ ಕುಂಕುಮ ಹಚ್ಚಿದಳು. ನಾನು ಸೆರಗು ಚಾಚಿದೆ. ಅನ್ನಮ್ಮ ಒಂದು ತುದಿ ಹಿಡಿದಳು, ಜುಬೇದಾ ಇನ್ನೊಂದು. ಬೊಗಸೆ ತುಂಬ ಅಕ್ಕಿ ಬಿತ್ತು, ಅದರ ಮೇಲೆ ಕಾಯಿ, ಅದರ ಮೇಲೆ ರವಿಕೆ ಕಣ. ಮಡಿಲು ಭಾರವಾಯಿತು. ಇಷ್ಟು ಭಾರ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. "ಅವ್ವಾ" ಎಂದು ಆ ಮರಾಠಿ ಹೆಂಗಸಿನ ಸೊಂಟ ತಬ್ಬಿಕೊಂಡು ಹೋ ಎಂದು ಅತ್ತುಬಿಟ್ಟೆ. ಅವಳು ನನ್ನ ತಲೆ ಸವರುತ್ತ ಏನೇನೋ ಹೇಳುತ್ತಿದ್ದಳು. ಅದನ್ನು ಕನ್ನಡಕ್ಕೆ ಹೇಳು ಎಂದು ಯಾರನ್ನೂ ಕೇಳಲಿಲ್ಲ.

ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು ಎದ್ದೆ. ಮಗಳನ್ನು ನೋಡಿದೆ, ಬಾಗಿಲ ಬಳಿಯ ಪೆಟ್ಟಿಗೆ ನೋಡಿದೆ.

"ಪೆಟ್ಟಿಗೆ ಒಳಕ್ಕಿಡು," ಎಂದೆ.

"ಅವ್ವಾ?"

"ಚೊಚ್ಚಲು ತವರಲ್ಲೇ ಆಗ್ಬೇಕು, ಅದ್ರಲ್ಲಿ ಮಾತಿಲ್ಲ. ನನ್ ತವರು ಇದಾದ್ಮೇಲೆ ನಿಂಗೂ ಇದೇ ಅಲ್ವೇನೇ? ಅಜ್ಜಿ ಮನೇಲಿ ಎರಿಗೆ ಆದ್ರೆ ಯಾವ ಊರೋರು ಏನಂದಾರು? ಶಿವರಾತ್ರಿ ಕಳೀಲಿ, ನಾನೇ ಬತ್ತೀನಿ, ಬಾಣಂತಿ ಕಾರ ಕುಟ್ಕೊಂಡು. ತವರಿಗೆ ಬರೋಕೆ ನಿಮ್ಮಪ್ಪನ ಕೇಳ್ಬೇಕಾ ನಾನು?"

ರಮ್ಯಾ ನನ್ನ ಕೊರಳಿಗೆ ಜೋತುಬಿದ್ದಳು. ಅಳಿಯ ಒಂದು ಟಿಕೆಟು ಕ್ಯಾನ್ಸಲ್ ಮಾಡಿಸಲು ಚಪ್ಪಲಿಯನ್ನೂ ಮೆಟ್ಟದೆ ಓಡಿದ.

ರೈಲಿನಲ್ಲಿ ಮಡಿಲಕ್ಕಿಯ ಗಂಟನ್ನು ಸೀಟಿನ ಕೆಳಗೆ ಇಡಲಿಲ್ಲ. ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ಬೆಟ್ಟದಪುರದಲ್ಲಿ ಬಸ್ಸಿಳಿದು ನಮ್ಮ ಬೀದಿಗೆ ಬಂದಾಗ ಯಜಮಾನರು ಜಗಲಿಯಲ್ಲಿ ಕೂತಿದ್ದರು. ಚಿಕ್ಕಸಿದ್ದಮ್ಮ ಎದುರಿನ ಬಾಗಿಲಿಗೆ ಒರಗಿ, ನನ್ನ ಹಿಂದೆ ಯಾರೂ ಇಲ್ಲದ್ದು ಕಂಡು, ನಗು ಬಾಯಲ್ಲೇ ಹಿಡಿದಿದ್ದಳು.

"ಎಲ್ಲಮ್ಮಿ ಮಗಳು?" ಎಂದರು ಯಜಮಾನರು ಗಾಬರಿಯಿಂದ ಎದ್ದು.

ನಾನು ಬೀದಿಯ ನಡುವೆ ನಿಂತೆ. ಗಂಟನ್ನು ಸೊಂಟಕ್ಕೇರಿಸಿದೆ. ಕೆರೆ ಏರಿಯ ತನಕ ಕೇಳುವ ಹಾಗೆ ಗಂಟಲು ಎತ್ತಿದೆ.

"ಮಗಳ ಮಾತು ಆಮೇಕೆ. ತವರಿಂದ ಬತ್ತಾ ಇವ್ನಿ ಕಣ್ರೀ, ಮೊದ್ಲು ಕಾಲಿಗೆ ನೀರು ಕೊಡಿ!"