ಅಳಿಸಿದ ಕ್ಯಾಸೆಟ್ಟಿನ ಉಸಿರು

ಸಲೀಮಾ ತೀರಿಕೊಂಡು ಆರು ತಿಂಗಳಾದ ಮೇಲೂ ಪ್ರತಿ ಗುರುವಾರ ಮಧ್ಯಾಹ್ನ ರೇಡಿಯೋದಲ್ಲಿ ಮಾತಾಡುತ್ತಿದ್ದಳು.

ಅದು ೧೯೯೯ನೇ ಇಸವಿ. ತುಮಕೂರಿನ ಸರ್ಕಾರಿ ರೇಡಿಯೋ ಕೇಂದ್ರಕ್ಕೆ ದೆಹಲಿಯಿಂದ ಬರುವ ಹಣ ವರ್ಷದಿಂದ ವರ್ಷಕ್ಕೆ ಸೊರಗಿ, ಹೊಸ ಕಾರ್ಯಕ್ರಮ ಮಾಡಿಸುವುದೇ ನಿಂತುಹೋಗಿತ್ತು. ಇದ್ದ ಹಳೆಯದನ್ನೇ ಮತ್ತೆ ಮತ್ತೆ ಹಾಕುತ್ತಿದ್ದರು. ಸಲೀಮಾ ನಡೆಸುತ್ತಿದ್ದ ಹೆಂಗಸರ ಕಾರ್ಯಕ್ರಮ 'ಅಂಗಳ' ಕೂಡ ಹಾಗೆಯೇ ಬರುತ್ತಿತ್ತು. ಇದು ಹಳೆಯದು ಎಂದು ಯಾರೂ ಹೇಳುತ್ತಿರಲಿಲ್ಲ.

ಅವಳು ಅದನ್ನು ಮರಳೂರಿನ ತನ್ನ ಮನೆಯಲ್ಲೇ ಧ್ವನಿಮುದ್ರಿಸುತ್ತಿದ್ದಳು. ಅತ್ತೆ ಹಾಸಿಗೆ ಹಿಡಿದಿದ್ದರಿಂದ ಬಿಟ್ಟು ಹೋಗುವಂತಿರಲಿಲ್ಲ. ಕಿಟಕಿಗೆ ರಜಾಯಿ ತೂಗುಹಾಕಿ, ಟೇಪ್ ರೆಕಾರ್ಡರ್ ಮುಂದೆ ಕೂತರೆ ಮಗಳು ಅರ್ಜೂ ಬೀದಿಯ ಮಕ್ಕಳನ್ನು ಸುಮ್ಮನಿರಿಸಬೇಕಿತ್ತು. ಆಮೇಲೆ ಕೇಂದ್ರದಲ್ಲಿ ತಕರಾರು ಎದ್ದಿತು. ಬೇರೆ ಉದ್ಘೋಷಕರೆಲ್ಲ ಬಿಸಿಲು ಮಳೆ ಅನ್ನದೆ ಸ್ಟುಡಿಯೋಗೆ ಬರುವಾಗ ಒಬ್ಬರಿಗೆ ಮಾತ್ರ ಮನೆ ಯಾಕೆ ಎಂದರು. ಸ್ಟುಡಿಯೋಗೆ ಬಾರದವರಿಗೆ ಕೆಲಸವಿಲ್ಲ ಎಂದು ಆದೇಶ ಬಂತು. ಕಾಮಾಲೆಯಿಂದ ಆಗಷ್ಟೇ ಎದ್ದಿದ್ದ ಸಲೀಮಾ ಅತ್ತೆಯನ್ನು ಮಗಳಿಗೆ ಒಪ್ಪಿಸಿ ಸಿಟಿ ಬಸ್ಸಿನಲ್ಲಿ ಓಡಾಡತೊಡಗಿದಳು. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಕುಸಿದು ಬಿದ್ದವಳು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಸೊಸೆಯ ಹಿಂದೆಯೇ ಅತ್ತೆಯೂ ಹೋದರು.

ಗುರುವಾರ ಆ ಹೊತ್ತಿಗೆ ಗಂಡ ನಯಾಜ್ ಅಹಮದ್ ಬಿ.ಎಚ್. ರಸ್ತೆಯ ತನ್ನ ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ರೇಡಿಯೋ ಆರಿಸುತ್ತಿದ್ದ. ಮನೆಯಲ್ಲಿ ಅರ್ಜೂ ಕೂಡ ಹಚ್ಚುತ್ತಿರಲಿಲ್ಲ. ಆದರೆ ಪಕ್ಕದ ಮನೆಯವರು ಹಚ್ಚುತ್ತಿದ್ದರು. ಗೋಡೆಯಾಚೆಯಿಂದ ಅಮ್ಮನ ದನಿ, ಅದರ ಹಿಂದೆ ಇದೇ ಮನೆಯ ಕುಕ್ಕರ್ ಸೀಟಿ, ಅಜ್ಜಿಯ ಕೆಮ್ಮು. ಸತ್ತವರಿಬ್ಬರೂ ಪಕ್ಕದ ಮನೆಗೆ ವಾಸ ಬದಲಿಸಿದ್ದಾರೆ ಅನ್ನಿಸುತ್ತಿತ್ತು ಅರ್ಜೂಗೆ.

ಒಂದು ಶುಕ್ರವಾರ ಗುಬ್ಬಿ ಕಡೆಯ ವಯಸ್ಸಾದ ಹೆಂಗಸೊಬ್ಬರು ಮನೆ ಹುಡುಕಿಕೊಂಡು ಬಂದರು. ಕೈಯಲ್ಲಿ ಅವರೆಕಾಯಿ ತುಂಬಿದ ಚೀಲ.

"ರೇಡಿಯೋ ಸಲೀಮಮ್ಮೋರ ಮನೆ ಇದೇನವ್ವ? ನಾನು ಹನುಮಂತಮ್ಮ ಅಂತ. ನಿನ್ನೆ ಬಾಣಂತೀರಿಗೆ ಏನೇನ್ ಕೊಡ್ಬೇಕು ಅಂತ ಹೇಳಿದ್ರಲ್ಲ, ನಮ್ ಸೊಸೇಗೆ ಅದ್ನೇ ಮಾಡ್ಕೊಟ್ಟೆ. ಒಂದ್ಸಲ ಮುಖ ನೋಡ್ಕೊಂಡ್ ಹೋಗವ ಅಂತ ಬಂದೆ. ಒಳಗವ್ರಾ?"

"ಅಮ್ಮ ಇಲ್ಲ," ಎಂದಳು ಅರ್ಜೂ.

"ಬುಡು, ಕಾಯ್ತೀನಿ. ಎಷ್ಟೊತ್ತಿಗೆ ಬತ್ತಾರೆ?"

ಅರ್ಜೂ ಒಳಗೆ ಹೋಗಿ ನೀರು ತಂದುಕೊಟ್ಟಳು. ಹನುಮಂತಮ್ಮ ಜಗುಲಿಯ ಮೇಲೆ ಕೂತು, ಬೀದಿಯಲ್ಲಿ ಯಾರೇ ಹೆಂಗಸು ಬಂದರೂ ಕತ್ತೆತ್ತಿ ನೋಡುತ್ತಿದ್ದರು. ನಮಾಜ್ ಮುಗಿಸಿ ಬಂದ ನಯಾಜನೇ ಕೊನೆಗೆ ಹೇಳಿದ್ದು.

"ಅವ್ರು ತೀರ್ಕೊಂಡು ಆರು ತಿಂಗಳಾಯ್ತಮ್ಮ."

"ಸುಳ್ಳು ಯಾಕಪ್ಪ ಹೇಳೀಯೆ? ನಿನ್ನೆ ಮಾತಾಡವ್ರೆ. ನನ್ ಕಿವೀಲೇ ಕೇಳಿದೀನಿ."

ನಯಾಜ್ ಜಗುಲಿಯ ತುದಿಯಲ್ಲಿ ಕೂತ. ಅವನ ಮುಖ ನೋಡಿದ ಹನುಮಂತಮ್ಮನಿಗೆ ನಿಜ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಆಮೇಲೆ ತಟ್ಟನೆ ಎದ್ದು ನಿಂತರು. ದನಿಯಲ್ಲಿ ಹೆದರಿಕೆಯಿತ್ತು.

"ಹಂಗಾರೆ ಇಷ್ಟು ದಿನ ನನ್ ಜೊತೇಲಿ ಮಾತಾಡ್ತಿದ್ದೋರು ಯಾರಪ್ಪ?"

ಸೋಮವಾರ ಅಪ್ಪ ಮಗಳು ಇಬ್ಬರೂ ರೇಡಿಯೋ ಕೇಂದ್ರಕ್ಕೆ ಹೋದರು. ಸಲೀಮಾಳ ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಅಧಿಕಾರಿ ಮಂಜುಶ್ರೀ ಕುರ್ಚಿಯಿಂದ ಎದ್ದರು.

"ಅದನ್ನ ನಿಲ್ಸಿ ಮೇಡಂ," ಎಂದ ನಯಾಜ್. "ಬದುಕಿದ್ದಾಗ ಮನೇಲಿ ಮಾಡಿದ್ದು ಕೆಲಸಾನೇ ಅಲ್ಲ ಅಂದ್ರಿ. ಈಗ ಅದನ್ನೇ ಹಾಕ್ಕೊಂಡು ಕೂತಿದೀರಲ್ಲ."

"ಆ ಆರ್ಡರ್ ನಾನು ಮಾಡಿದ್ದಲ್ಲ," ಎಂದು ಶುರುಮಾಡಿದ ಮಂಜುಶ್ರೀ ಅಲ್ಲಿಗೇ ನಿಲ್ಲಿಸಿದರು. "ನಿಲ್ಲಿಸ್ತೀನಿ. ಆದ್ರೆ ಆ ಹೊತ್ತಿಗೆ ದೆಹಲಿ ಕಾರ್ಯಕ್ರಮ ಬರುತ್ತೆ. ಒಂದ್ಸಲ ಕೈಬಿಟ್ರೆ ಆ ಸಮಯ ಮತ್ತೆ ನಮಗೆ ಸಿಗಲ್ಲ," ಎಂದರು. ಅರ್ಜೂ ಕಡೆ ತಿರುಗಿದರು. "ನೀನು ಮಾಡ್ತೀಯೇನಮ್ಮ? ಅಮ್ಮನ ಥರಾನೇ ಓದ್ತೀಯ ಅಂತ ಸಲೀಮಾ ಹೇಳ್ತಿದ್ರು. ಸ್ಟುಡಿಯೋ ಮೆಷಿನ್ ಕೆಟ್ಟಿದೆ, ರಿಪೇರಿಗೆ ದುಡ್ಡಿಲ್ಲ. ಮನೇಲೇ ಮಾಡ್ಕೊಂಡ್ ಬರೋದಾದ್ರೆ ಮಾಡ್ಲಿ ಅಂತ ಈಗ ಮೇಲಿನೋರೇ ಅಂತಿದಾರೆ."

ನಯಾಜ್ ನಕ್ಕ. ಆ ನಗು ಕೇಳಿ ಅರ್ಜೂ ತಲೆ ತಗ್ಗಿಸಿದಳು.

"ಇನ್ನೊಂದು ವಿಷಯ," ಎಂದರು ಮಂಜುಶ್ರೀ, ರಟ್ಟಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು. "ಹೊಸ ಕ್ಯಾಸೆಟ್ ಕೊಡೋಕೆ ಆಗಲ್ಲ. ಇವುಗಳ ಮೇಲೇ ಮಾಡ್ಬೇಕು."

ಒಳಗಿದ್ದದ್ದು ಸಲೀಮಾಳ ಕ್ಯಾಸೆಟ್ಟುಗಳು.

ಹೊರಗೆ ಬಂದಾಗ ರಾಮಾಂಜಿನಯ್ಯ ಎದುರಾದರು. ದಿನಗೂಲಿ ಉದ್ಘೋಷಕರ ಪರವಾಗಿ ಅಂದು ತಕರಾರು ಎತ್ತಿದ್ದವರು ಅವರೇ. ನಯಾಜ್ ಮುಖ ತಿರುಗಿಸಿದ. ಅವರು ದಾರಿ ಬಿಡಲಿಲ್ಲ.

"ಆಯಮ್ಮನ ಮೇಲೆ ನನಗೇನೂ ಇರ್ಲಿಲ್ಲ ಸಾಬ್ರೇ. ಇವತ್ತು ಒಬ್ರು ಮನೇಲಿ ಮಾಡಿದ್ರೆ ನಾಳೆ ಎಲ್ರಿಗೂ ಮನೇಲೇ ಇರಿ ಅಂತಾರೆ, ಆಮೇಲೆ ಕೇಂದ್ರಾನೇ ಮುಚ್ತಾರೆ. ಅದಕ್ಕೆ ಹೆದ್ರಿದ್ದೆ. ಅವ್ರಿಗೆ ಹುಷಾರಿಲ್ಲ ಅಂತ ಗೊತ್ತಿರ್ಲಿಲ್ಲ."

"ಕೇಳ್ಬೋದಾಗಿತ್ತು," ಎಂದ ನಯಾಜ್.

ಮನೆಗೆ ಬಂದ ಮೇಲೆ ಅವನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. "ಬೇಡ ಬೇಟಿ. ಇದಿಷ್ಟೇ ಉಳಿದಿರೋದು. ಅಳಿಸ್ಬೇಡ."

"ಅಬ್ಬಾ, ಇವು ಇರೋವರೆಗೂ ಅಮ್ಮಿ ಹೀಗೇ ಮಾತಾಡ್ತಾನೇ ಇರ್ತಾರೆ. ತಾನು ಸತ್ತಿರೋದು ತನಗೇ ಗೊತ್ತಿಲ್ಲದ ಹಾಗೆ. ನನಗೆ ಅದನ್ನ ಕೇಳೋಕಾಗಲ್ಲ."

ಅವನು ಡಬ್ಬಿಯನ್ನು ಮಗಳ ಕೈಗಿಟ್ಟು ಅಂಗಡಿಗೆ ಹೊರಟುಹೋದ.

ಮರುದಿನ ಬೆಳಿಗ್ಗೆ ಅರ್ಜೂ ಕಿಟಕಿಗೆ ರಜಾಯಿ ಕಟ್ಟಿದಳು. ಒಲೆ ಹಚ್ಚಿರಲಿಲ್ಲ. ಒಂದು ಕ್ಯಾಸೆಟ್ ಹಾಕಿ ಸ್ವಲ್ಪ ಕೇಳಿದಳು. ಅಮ್ಮ ಕುಣಿಗಲ್ಲಿನ ಯಾರದೋ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಳು. ನಡುವೆ ಬಾಗಿಲು ಕಿರುಗುಟ್ಟಿತು. "ಮೆಲ್ಲಗೆ ಬಾ," ಎಂದು ಅಮ್ಮ ಉರ್ದುವಿನಲ್ಲಿ ಪಿಸುಗುಟ್ಟಿದ್ದು ಕೇಳಿಸಿತು. ಒಳಗೆ ಬಂದಿದ್ದವಳು ತಾನೇ, ಸ್ಕೂಲಿಗೆ ಹೋಗುತ್ತಿದ್ದ ಅರ್ಜೂ. ಅವಳು ಟೇಪನ್ನು ಹಿಂದಕ್ಕೆ ಸುತ್ತಿ, ಕಣ್ಣು ಮುಚ್ಚಿಕೊಂಡು, ಪ್ಲೇ, ರೆಕಾರ್ಡ್ ಎರಡು ಗುಂಡಿಗಳನ್ನೂ ಒಟ್ಟಿಗೆ ಒತ್ತಿದಳು.

"ನಮಸ್ಕಾರ. ಇಲ್ಲಿಯವರೆಗೆ 'ಅಂಗಳ' ನಡೆಸಿಕೊಡುತ್ತಿದ್ದ ಸಲೀಮಾ ಅವರು ಈಗ ನಮ್ಮೊಂದಿಗಿಲ್ಲ. ಈಚೆಗೆ ನೀವು ಕೇಳಿದ್ದು ಅವರ ಹಳೆಯ ದನಿ. ನಾನು ಅವರ ಮಗಳು."

ಮಂಜುಶ್ರೀ ಒಂದು ಮಾತನ್ನೂ ಕತ್ತರಿಸದೆ ಪ್ರಸಾರ ಮಾಡಿದರು.

ಎಷ್ಟೋ ಜನ ದುಃಖ ಹೇಳಿಕೊಂಡು ಕಾಗದ ಬರೆದರು. ಕುಣಿಗಲ್ಲಿನ ರೇವಮ್ಮ ಎನ್ನುವವರು ಮಾತ್ರ ಬೇರೆ ಏನೋ ಕೇಳಿದ್ದರು: 'ಮಗಳೇ, ನೀನು ಮಾತು ಶುರುಮಾಡೋ ಮುಂಚೆ ಇನ್ನೊಬ್ಬರು ಯಾರೋ ಉಸಿರು ತಗೋತಾರೆ. ನಿನ್ನ ಪಕ್ಕ ಯಾರು ಕೂತಿರ್ತಾರೆ?'

ಅರ್ಜೂ ಕೇಂದ್ರಕ್ಕೆ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೇಳಿದಳು. ಇತ್ತು. ಅವಳ ದನಿಯ ಕೆಳಗೆ, ಬಾವಿಯ ತಳದಿಂದ ಬಂದಂತೆ, ಒಂದು ಉಸಿರು. ಒಂದು ಕಡೆ ತಾನು ತಡವರಿಸಿದಾಗ ಆ ಇನ್ನೊಂದು ದನಿ ತಡವರಿಸದೆ ಮುಂದೆ ಹೋಗುತ್ತಿತ್ತು. ಮಾತು ಗೊತ್ತಾಗುತ್ತಿರಲಿಲ್ಲ, ರಾಗ ಗೊತ್ತಾಗುತ್ತಿತ್ತು. ಆಮೇಲೆ ದೂರದಲ್ಲಿ ಕುಕ್ಕರ್ ಸೀಟಿ.

"ನಿಮ್ ಟೇಪ್ ರೆಕಾರ್ಡರ್ ಹಳೇದಾಗಿದೆ, ಪೂರ್ತಿ ಅಳಿಸ್ತಿಲ್ಲ ಅಷ್ಟೆ," ಎಂದರು ಅಲ್ಲಿನ ಎಂಜಿನಿಯರ್. ಇರಬಹುದು ಎಂದು ಅವಳೂ ಒಪ್ಪಿದಳು. ಆದರೆ ಅಂದಿನಿಂದ ಗುಂಡಿ ಒತ್ತಿದ ಮೇಲೆ ಒಂದು ಕ್ಷಣ ಕಾಯುತ್ತಿದ್ದಳು, ಅಮ್ಮ ಉಸಿರು ತೆಗೆದುಕೊಳ್ಳಲೆಂದು.

ಕಾರ್ಯಕ್ರಮ ಬಹಳ ಕಾಲ ನಡೆಯಲಿಲ್ಲ. ಮನೆಯಲ್ಲಿ ಮಾಡಿದರೆ ಅದೂ ಕೆಲಸವೇ, ಅದಕ್ಕೂ ಪೂರ್ತಿ ಸಂಬಳ ಕೊಡಬೇಕು ಎಂದು ಒಪ್ಪಿಸಲು ಮಂಜುಶ್ರೀ ಜಗಳಾಡಿ ಸೋತು ಬೇರೆ ಊರಿಗೆ ವರ್ಗವಾದರು. ೨೦೦೧ರಲ್ಲಿ ಆ ಹೊತ್ತು ದೆಹಲಿಯ ಪಾಲಾಯಿತು. ರಾಮಾಂಜಿನಯ್ಯನವರನ್ನೂ ಅವರ ಜೊತೆಯವರನ್ನೂ ಇನ್ನು ಬರಬೇಡಿ ಎಂದರು. ಅರ್ಜೂ ಊರಿನಲ್ಲೇ, ಸದಾಶಿವನಗರದ ಒಂದು ಸ್ಕೂಲಿನಲ್ಲಿ ಟೀಚರಾದಳು.

ಕ್ಯಾಸೆಟ್ಟುಗಳನ್ನು ನಯಾಜ್ ಅಂಗಡಿಗೆ ಒಯ್ದ. ಕೆಲಸ ಮಾಡುತ್ತಾ ಸಣ್ಣದಾಗಿ ಹಚ್ಚಿಕೊಳ್ಳುತ್ತಿದ್ದ. ಒಮ್ಮೆ ಯಂತ್ರ ರಿಪೇರಿಗೆ ತಂದಿದ್ದ ಹೆಂಗಸೊಬ್ಬರು ಕಿವಿಗೊಟ್ಟು, "ಇಬ್ರು ಮಾತಾಡ್ತಿದಾರಲ್ಲ, ಯಾರದು?" ಎಂದರು.

"ನಮ್ಮನೆಯವ್ರು," ಎಂದ ನಯಾಜ್, ಸೂಜಿಗೆ ದಾರ ಪೋಣಿಸುತ್ತಾ.