ಅರ ಬಿಡದ ಹೋಬಿ

‘ನಾನು ಒಂದ್ಸಲ ಕೈಯಿಟ್ಟ ರಿವಾಲ್ವರನ್ನ ಆಮೇಲೆ ದೇವರೇ ಬಂದ್ರೂ ತಿದ್ದಬೇಕಾಗಿಲ್ಲ’ ಎಂಬುದು ಹೋಬಿ ಕಿಂಕೇಡನ ಘೋಷವಾಕ್ಯ. ಈ ಮಾತನ್ನು ಅವನು ಕೂತು ಹೇಳಿದ್ದನ್ನು ಕಂಡವರಿಲ್ಲ. ಅವನು ಕೂತದ್ದನ್ನೇ ಕಂಡವರು ವಿರಳ. ನಮ್ಮೂರು ಬಿಟರ್ ಫೋರ್ಕಿನ ಗಾಳಿ ವಯೋಮಿಂಗಿನ ಉಳಿದ ಗಾಳಿಗಳ ಹಾಗೆ ಬೀಸಿ ಮುಂದೆ ಹೋಗುವಂಥದ್ದಲ್ಲ. ಅದು ಇಲ್ಲೇ ಮನೆ ಮಾಡಿಕೊಂಡಿದೆ, ತೆರಿಗೆ ಕಟ್ಟುವುದಿಲ್ಲ ಅಷ್ಟೆ. ಆ ಗಾಳಿಗೂ ಆಗಾಗ ಆಯಾಸವಾಗಿ ಬೇಲಿಗೊರಗುವುದನ್ನು ನಾನು ನೋಡಿದ್ದೇನೆ, ಹೋಬಿ ಒರಗಿದ್ದನ್ನು ನೋಡಿಲ್ಲ.

ಅವನ ಕೋಟಿನ ವಿಷಯ ಹೇಳಲೇಬೇಕು. ಕಂದು ಬಣ್ಣದ, ಮೊಳಕಾಲಿನವರೆಗೆ ಇಳಿಯುವ ಆ ಕೋಟಿನ ಜೇಬುಗಳಲ್ಲಿ ಲೋಹ ಉಜ್ಜುವ ದುಂಡು ಅರ, ಚಪ್ಪಟೆ ಅರ, ಮುಕ್ಕೋಣದ ಅರ, ಇಲಿಯ ಬಾಲದಷ್ಟು ಸಣ್ಣ ಅರ ಹೀಗೆ ಅರಗಳ ಒಂದು ವಂಶವೇ ವಾಸವಾಗಿತ್ತು. ಕೋಟನ್ನು ಬಿಚ್ಚಿದರೆ ಅದು ಮೊಳೆಗೆ ತೂಗುತ್ತಿರಲಿಲ್ಲ, ತಾನಾಗಿಯೇ ನೆಲದ ಮೇಲೆ ನಿಲ್ಲುತ್ತಿತ್ತು. ಒಮ್ಮೆ ಚರ್ಚಿನ ಬಾಗಿಲಲ್ಲಿ ಬಿಟ್ಟುಬಂದಾಗ ಮಬ್ಬುಗಣ್ಣಿನ ಪಾದ್ರಿ ಅದಕ್ಕೆ ಕೈಕುಲುಕಿ ಕ್ಷೇಮ ವಿಚಾರಿಸಿದ್ದುಂಟು. ಒಳಗೆ ಹೋಬಿ ಸುಮ್ಮನಿರುತ್ತಿದ್ದನೇ? ಪಾದ್ರಿಗಳು ಪ್ರಳಯದಿಂದ ಹೊರಟು ಹತ್ತು ಆಜ್ಞೆಗಳನ್ನು ತಲುಪುವಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಉಳಿದ ಅರದಿಂದ ಬೆಂಚಿನ ತೋಳನ್ನು ಉಜ್ಜಿ ಉಜ್ಜಿ ನುಣುಪು ಮಾಡಿರುತ್ತಿದ್ದ. ಇಂದಿಗೂ ಆ ಬೆಂಚಿನ ಎಡತುದಿಯಲ್ಲಿ ಕುಳಿತವರ ಮೊಣಕೈಗೆ ಸಿಗುವ ಸುಖ ಮೋಕ್ಷಕ್ಕೆ ಒಂದೇ ಮೆಟ್ಟಿಲು ಕೆಳಗಿನದು.

ನಾನು ಕುರಿಗಳ ಹರಾಜು ಕೂಗಿ ಬದುಕಿದವನು. ಕುಂಟು ಟಗರನ್ನು ನರ್ತನಪಟುವೆಂದು ವರ್ಣಿಸಿ ಮಾರಿದವನು. ಆದ್ದರಿಂದ ನನ್ನ ಮಾತಿನಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬುವುದು ಊರಿನ ವಾಡಿಕೆ. ಹೋಬಿಯ ವಿಷಯದಲ್ಲಿ ಮಾತ್ರ ಏನನ್ನೂ ಕಳೆಯಬೇಡಿ. ಕಳೆಯುವ ಕೆಲಸವನ್ನು ಅವನೇ ಜೀವಮಾನವಿಡೀ ಮಾಡಿದ್ದಾನೆ. ಯಾವ ವಸ್ತುವನ್ನು ಕೈಗೆ ಕೊಟ್ಟರೂ ಅದರಲ್ಲಿ ಎಲ್ಲೋ ಒಂದು ಕೂದಲೆಳೆಯಷ್ಟು ಹೆಚ್ಚಾಗಿದೆ ಎಂಬುದು ಅವನ ದರ್ಶನ. ‘ಇನ್ನೊಂದೇ ಎಳೆತ’ ಎನ್ನುತ್ತ ಅರ ಎಳೆಯುವನು. ಆ ಒಂದು ಎಳೆತಕ್ಕೆ ತಮ್ಮಂದಿರು ಎಷ್ಟಿರುತ್ತಿದ್ದರೆಂಬುದನ್ನು ಅವನ ಹೆಂಡತಿಯಾಗಿದ್ದ ಪುಣ್ಯಾತ್ಗಿತ್ತಿ, ತಣ್ಣಗಾದ ಊಟದ ಮುಂದೆ ಕುಳಿತು, ಸಾಯುವವರೆಗೂ ಎಣಿಸುತ್ತಿದ್ದಳು.

ಅವನ ಖ್ಯಾತಿಯೆಲ್ಲ ಹಳೆಯ ಬಗೆಯ ರಿವಾಲ್ವರುಗಳದ್ದು; ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಗುಂಡು ಸಿಡಿಸುವ ಪುಟ್ಟ ಸುತ್ತಿಗೆಯನ್ನು ಹಿಂದಕ್ಕೆಳೆದೇ ಹಾರಿಸಬೇಕಾದ, ನಮ್ಮ ಕಡೆಯ ಕುರಿಯವರೂ ದನದವರೂ ಇಂದಿಗೂ ಸೊಂಟದಿಂದಿಳಿಸದ ಆಯುಧ ಅದು. ಅದಕ್ಕೆ ಮರದ್ದೋ ಕೊಂಬಿನದ್ದೋ ಹೊಸ ಹಿಡಿ ಕೆತ್ತುವುದು, ನಳಿಕೆಯ ತುದಿಯಲ್ಲಿ ನಿಂತ ಪುಟ್ಟ ಗುರಿಗಡ್ಡಿಯನ್ನು ಬದಲಿಸುವುದು, ಗುರಿ ಹಿಡಿಯಲು ಅದನ್ನು ನೋಡುವ ಹಿಂದಿನ ಕಚ್ಚನ್ನು ಅಗಲಿಸುವುದು ಅವನ ಕಸುಬು. ಹಿಡಿಯ ಅಳತೆಗೆ ಅವನು ಟೇಪು ಬಳಸಿದವನಲ್ಲ. ಬಿಸ್ಕತ್ತಿಗೆಂದು ನಾದಿದ ಹಿಟ್ಟಿನ ಮುದ್ದೆಯನ್ನು ಗಿರಾಕಿಯ ಕೈಗೆ ಕೊಟ್ಟು ‘ಹಿಸುಕು’ ಎನ್ನುವನು. ಆ ಅಚ್ಚನ್ನು ಒಲೆಯಲ್ಲಿ ಸುಟ್ಟು ಗಟ್ಟಿಮಾಡಿ ಮುಂದಿಟ್ಟುಕೊಂಡು ಕೆತ್ತುವನು. ಹಿಡಿ ಮುಗಿದ ಮೇಲೆ ಅಚ್ಚನ್ನು ಗ್ರೇವಿಯಲ್ಲಿ ಅದ್ದಿ ತಿನ್ನುವನು. ಊರಿನ ಷೆರೀಫನ ಮುಷ್ಟಿಯನ್ನು ನಾನೂ ಒಂದು ಬೆಳಗ್ಗೆ ಹೆಬ್ಬೆರಳಿನ ಕಡೆಯಿಂದ ತಿಂದಿದ್ದೇನೆ. ಉಪ್ಪು ಸ್ವಲ್ಪ ಕಡಿಮೆಯಿತ್ತು.

ಅವನ ಅಕ್ಕ ಲುವೆಲ್ಲಾ, ನಮಗೆಲ್ಲ ಲೂ. ಹೊಳೆಯಾಚೆ ಕುರಿಮಂದೆ ಇಟ್ಟುಕೊಂಡು, ಬೇಸಿಗೆಯಲ್ಲಿ ಮಂದೆಯೊಡನೆ ಒಬ್ಬಳೇ ಬೆಟ್ಟವೇರಿ ಶರತ್ಕಾಲಕ್ಕೆ ಇಳಿದುಬರುವವಳು. ಹೋಬಿ ಎಷ್ಟು ಚಂಚಲನೋ ಅವಳು ಅಷ್ಟೇ ಸ್ಥಾವರ. ಅವಳ ಟೋಪಿಯ ಮೇಲೆ ಹಕ್ಕಿ ಗೂಡು ಕಟ್ಟಿ ಮರಿ ಹಾರಿಸಿತೆಂದು ನಾನೇ ಊರಲ್ಲೆಲ್ಲ ಹೇಳಿದ್ದೇನೆ. ಅವರಪ್ಪ ಸಾಯುವಾಗ ತನ್ನ ರಿವಾಲ್ವರನ್ನು ಮಗನಿಗೆ ಕೊಡದೆ ಮಗಳಿಗೆ ಕೊಟ್ಟಿದ್ದ. ‘ಅವಳು ಹೊಡೀತಾಳೆ, ನೀನು ಬಿಚ್ಚಿಡ್ತೀಯ’ ಎಂದನಂತೆ. ಅಂದಿನಿಂದ ಹೋಬಿ ಆ ರಿವಾಲ್ವರನ್ನು, ಪಕ್ಕದ ಬೇಲಿಯೊಳಗಿನ ಕ್ಲೋವರ್ ಹುಲ್ಲನ್ನು ನೋಡುವ ಕುರಿಯಂತೆ ನೋಡುತ್ತ ಬಂದಿದ್ದ.

ಅಂಥ ಲೂ ಒಂದು ವಸಂತದಲ್ಲಿ ತಾನಾಗಿಯೇ ಬಂದು ಅದನ್ನು ಅವನ ಕೆಲಸದ ಮೇಜಿನ ಮೇಲಿಟ್ಟಳು. ನಾನು ಕಾಫಿಯ ನೆಪದಲ್ಲಿ ಅಲ್ಲೇ ಇದ್ದೆ. ಹಿಂದಿನ ಶರತ್ಕಾಲದಲ್ಲಿ ಮಂದೆ ಇಳಿಯುವಾಗ ಹಾಸುಗಲ್ಲಿನಿಂದ ಜಾರಿ ಒಂದು ಕುರಿ ಬೆನ್ನು ಮುರಿದುಕೊಂಡಿತಂತೆ. ಅದರ ನೋವನ್ನು ಮುಗಿಸಲು ಹೋದರೆ ಮಂಜುಗಣ್ಣಿಗೆ ಗುರಿಗಡ್ಡಿ ಕಾಣಲಿಲ್ಲ, ಹಿಡಿ ಕೈಯಲ್ಲಿ ನಿಲ್ಲಲಿಲ್ಲ. ಮೊದಲ ಗುಂಡು ಬೀಳಬಾರದ ಕಡೆ ಬಿತ್ತು, ಎರಡನೆಯದೂ ಹಾಗೆಯೇ. ಇಷ್ಟನ್ನು ಅವಳು ಹವಾಮಾನ ಹೇಳುವವರ ದನಿಯಲ್ಲಿ ಹೇಳಿ, ಕೊನೆಗೆ ಹೀಗೆಂದಳು:

‘ಬೆಟ್ಟ ಹತ್ತೋದ್ರೊಳಗೆ ಇದು ನನ್ನ ಮಾತು ಕೇಳ್ಬೇಕು ಹೋಬಿ. ಇಲ್ದಿದ್ರೆ ಮಂದೆ ಮಾರ್ತೀನಿ. ಒಂದು ಕುರಿ ಸಂಕಟ ಮುಗಿಸೋಕೆ ಆಗ್ದೋರು ಕುರಿ ಸಾಕ್ಬಾರ್ದು.’

ಹೋಬಿ ಎಂದಿನಂತೆ ಹಿಟ್ಟಿನ ಮುದ್ದೆ ಕೊಟ್ಟ. ಲೂ ಕೈಗವಸು ತೆಗೆಯಲು ಸ್ವಲ್ಪ ತಡಮಾಡಿದಳು. ಅವಳು ಹಿಸುಕಿ ಕೊಟ್ಟದ್ದು ಮುಷ್ಟಿಯ ಅಚ್ಚಿನಂತಿರಲಿಲ್ಲ. ಗಾಳಿಗೆ ಬೆಳೆದ ಜೂನಿಪರ್ ಮರದ ಬೇರಿನಂತೆ ಗಂಟು ಗಂಟಾಗಿತ್ತು. ಚಳಿಗಾಲವಿಡೀ ಅವಳು ಚರ್ಚಿನಲ್ಲೂ ಕೈಗವಸು ಹಾಕಿಕೊಂಡೇ ಇದ್ದುದರ ಅರ್ಥ ನಮಗೆ ಆಗ ಆಯಿತು. ಹೋಬಿ ಅಚ್ಚನ್ನು ಹಿಡಿದುಕೊಂಡು ಅಲ್ಲಾಡದೆ ನಿಂತ. ಅವನು ಹಾಗೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಗಡಿಯಾರ ನಿಂತಾಗ ಮನೆಯವರು ತಲೆಯೆತ್ತಿ ನೋಡುವಂತೆ ನಾನೂ ತಲೆಯೆತ್ತಿ ನೋಡಿದೆ. ಆ ಅಚ್ಚನ್ನು ಮಾತ್ರ ಅವನು ಕೊನೆಗೂ ತಿನ್ನಲಿಲ್ಲ.

ಆಮೇಲಿನ ವಾರಗಳಲ್ಲಿ ಅವನು ನಡೆದ ನಡಿಗೆಗೆ ಅಂಗಡಿಯ ನೆಲ ಸವೆದು, ಮೇಜು ಎತ್ತರವಾದಂತೆ ಕಾಣತೊಡಗಿತು. ಅಪ್ಪನ ಹೆಬ್ಬೆರಳು ಕುಳಿಬೀಳಿಸಿದ್ದ ಹಳೆಯ ಹಿಡಿಯ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟ. ಅಪ್ಪನ ಕುರಿಬಂಡಿಯ ಮುರಿದ ಮೂಕಿಯಿಂದ ಮರ ಕೊಯ್ದು, ಅಂಗೈಗೆ ತುಂಬಿ ಕಿರುಬೆರಳಿಗೆ ತೆಳುವಾಗಿ, ಊದಿದ ಗೆಣ್ಣು ಒರಗಲು ಒಂದು ತಗ್ಗು ಬಿಟ್ಟು ಹೊಸ ಹಿಡಿ ಕೆತ್ತಿದ. ಹಳೆಯ ಗುರಿಗಡ್ಡಿಯನ್ನು ತೆಗೆದು, ತುದಿಯಲ್ಲಿ ಹಿತ್ತಾಳೆಯ ಚುಕ್ಕಿಯಿದ್ದ ದಪ್ಪ ಗಡ್ಡಿಯನ್ನು ಬೆಳ್ಳಿಯ ಬೆಸುಗೆಯಲ್ಲಿ ಕೂರಿಸಿದ. ಮುಂಜಾವಿನ ಮಬ್ಬಿನಲ್ಲೂ ಆ ಚುಕ್ಕಿ ನಕ್ಷತ್ರದಂತೆ ಹೊಳೆಯುತ್ತಿತ್ತು. ಇನ್ನು ಉಳಿದದ್ದು ಅರ. ಗುರಿಗಡ್ಡಿಯನ್ನು ಅರದಿಂದ ತಗ್ಗಿಸಿದಷ್ಟೂ ಗುಂಡು ಮೇಲಕ್ಕೇರುತ್ತದೆ. ತಗ್ಗಿಸಿದ್ದನ್ನು ಮತ್ತೆ ಏರಿಸುವ ಅರವನ್ನು ಯಾರೂ ಇನ್ನೂ ಮಾಡಿಲ್ಲ. ಹೋಬಿ ತಾನೇ ಹಾರಿಸಿ, ತಾನೇ ಉಜ್ಜಿ, ಇನ್ನೊಂದೇ ಎಳೆತ ಎನ್ನುತ್ತ, ಗುಂಡು ಗುರಿಯ ನಡುಮಧ್ಯಕ್ಕೆ ಬೀಳುವಂತೆ ಮಾಡಿದ.

ಲೂಳ ಅಂಗಳಕ್ಕೆ ಅದನ್ನು ಒಯ್ದ ದಿನ ಅವನ ಘೋಷವಾಕ್ಯ ಹೊಳೆಯೀಚೆಗೂ ಕೇಳಿಸಿತು. ಬೇಲಿಗೂಟದ ಮೇಲೆ ಕಾಫಿ ಡಬ್ಬಿ ಇಟ್ಟೆವು. ಹಿಡಿ ಅವಳ ಕೈಯೊಳಗೆ, ತನ್ನ ಬಿಲಕ್ಕೆ ಮರಳಿದ ಪ್ರಾಣಿಯಂತೆ ಸದ್ದಿಲ್ಲದೆ ಕುಳಿತಿತು. ಅವಳ ಮುಖದಲ್ಲಿ ನಗುವಿನ ಒಂದು ದೂರದ ಸಂಬಂಧಿ ಹಾದುಹೋಯಿತು. ಸುತ್ತಿಗೆ ಎಳೆದಳು, ಹಾರಿಸಿದಳು. ಡಬ್ಬಿಯ ಮೇಲಿಂದ ಹಾದ ಗುಂಡು ಹಿಂದಿನ ದಿಬ್ಬದ ಮಣ್ಣೆಬ್ಬಿಸಿತು. ಎರಡನೆಯದೂ ಮೇಲೆಯೇ. ಮೂರನೆಯದೂ.

ಕಾರಣ ಎಲ್ಲರಿಗಿಂತ ಮೊದಲು ಹೋಬಿಗೇ ತಿಳಿಯಿತು. ಅವನ ಕತ್ತು ಕೆಂಪಾಯಿತು. ಅವನು ರಿವಾಲ್ವರನ್ನು ಹಿಡಿಯುವುದು ಹಾವಿನ ಕತ್ತು ಹಿಚುಕುವ ಹಾಗೆ. ಅವನ ಮುಷ್ಟಿಯಲ್ಲಿ ನಳಿಕೆಗೆ ಕುಪ್ಪಳಿಸುವ ಧೈರ್ಯವಿಲ್ಲ. ಲೂಳ ಕೀಲುಗಳಿಗೆ ಅಷ್ಟು ಬಿಗಿ ಎಲ್ಲಿಂದ ಬರಬೇಕು? ಅವಳ ಸಡಿಲ ಕೈಯಲ್ಲಿ ಗುಂಡು ಹೊರಬೀಳುವ ಮುನ್ನವೇ ನಳಿಕೆ ತಲೆಯೆತ್ತುತ್ತಿತ್ತು. ಹಿಡಿಯನ್ನು ಅವಳ ಕೈಗೆ ಕೆತ್ತಿದವನು ಗುರಿಯನ್ನು ಮಾತ್ರ ತನ್ನ ಕೈಗೆ ಉಜ್ಜಿ ತಂದಿದ್ದ.

‘ಚೆನ್ನಾಗಿದೆ ಹೋಬಿ. ನಿಂಗೆ ಚೆನ್ನಾಗಿ ಹೊಂದತ್ತೆ’ ಎಂದಳು ಲೂ. ಆಮೇಲೆ ನನ್ನ ಕಡೆ ತಿರುಗಿ, ‘ಮುಂದಿನ ಹರಾಜು ಯಾವತ್ತೋ, ಬಾಯಿಬಡುಕ?’ ಎಂದು ಕೇಳಿದಳು.

ಬಾಯಿಯಿಂದಲೇ ಅನ್ನ ಉಂಡ ನಾನು ಡಬ್ಬಿ ಸರಿಪಡಿಸುವ ನೆಪದಲ್ಲಿ ಗೂಟದ ಕಡೆ ನಡೆದೆ. ಹೋಬಿ ರಿವಾಲ್ವರನ್ನು ಎತ್ತಿಕೊಂಡು, ಕೋಟು ಜಣಜಣಿಸುತ್ತ, ಸೇತುವೆಯನ್ನೂ ಬಳಸದೆ ಹೊಳೆಯನ್ನೇ ಹಾಯ್ದು ಹೋದ.

ಮತ್ತೆ ಅವನು ಬಂದದ್ದು ಬೆಟ್ಟದ ದಾರಿಯ ಹಿಮ ಕರಗಿ, ಕುರಿಗಳು ಮೇಲೆ ನೋಡಿ ಅರಚತೊಡಗಿದ ಮೇಲೆ. ನಳಿಕೆಯ ಮೇಲೆ ಹೊಸದೊಂದು ಗುರಿಗಡ್ಡಿ, ಹುಂಜದ ಜುಟ್ಟಿನಷ್ಟು ಎತ್ತರದ್ದು, ಅರ ಸೋಕದ್ದು. ಘೋಷವಾಕ್ಯ ಈ ಸಲ ಬಂದಿರಲಿಲ್ಲ. ಜೇಬಿನಲ್ಲಿ ಒಂದೇ ಅರ. ಅಷ್ಟು ಹಗುರಾದ ಕೋಟು ಗಾಳಿಗೆ ಹಾರುತ್ತಿದ್ದುದನ್ನು ನೋಡಿ ಅವಳ ನಾಯಿ ಅವನ ಗುರುತು ಹಿಡಿಯದೆ ಬೊಗಳಿತು. ಲೂ ಹಾರಿಸಿದಳು, ಗುಂಡು ಗೂಟದ ಬುಡದಲ್ಲಿ ಬಿತ್ತು. ಹೋಬಿ ರಿವಾಲ್ವರನ್ನು ಬರಿದು ಮಾಡಿಸಿಕೊಂಡು ಗಡ್ಡಿಯ ಮೇಲೆ ಒಂದು ಎಳೆತ ಎಳೆದು, ತಾನು ಹಾರಿಸದೆ, ಹಿಂದಕ್ಕೆ ಕೊಟ್ಟ. ಮತ್ತೆ ಹಾರಿಸಿದಳು, ಮತ್ತೆ ಎಳೆದ. ಗುಂಡು ಗೂಟವನ್ನು ಅಳಿಲಿನಂತೆ ಹಂತಹಂತವಾಗಿ ಹತ್ತುತ್ತ ಬಂದು, ಕೊನೆಗೆ ಡಬ್ಬಿ ಟಣ್ಣೆಂದು ಹಾರಿ ಬಿತ್ತು. ನಡುವಿನಿಂದ ಒಂದು ಬೆರಳು ಕೆಳಗೆ ತೂತು.

‘ಸಾಕು’ ಎಂದಳು ಲೂ.

‘ಒಂದು ಬೆರಳು ಕೆಳಗಿದೆ ಲೂ. ಇನ್ನೊಂದೇ ಎಳೆತ.’

‘ಕೆಳಗಿದ್ರೆ ನಾನು ಮೇಲಿಡ್ತೀನಿ. ಕಣ್ಣು ನಂದು, ಕೈ ನಂದು. ಸಾಕು ಅಂದೆ.’

ಅರ ಗಾಳಿಯಲ್ಲಿ ನಿಂತಿತು. ಆ ಮನುಷ್ಯ ಅನುಭವಿಸಿದ ಯಾತನೆಯನ್ನು ನಾನು ಅಳೆಯಲಾರೆ. ಮಂಡೆಯ ಮೇಲೆ ಸೊಳ್ಳೆ ಕುಳಿತಿದ್ದು ಎರಡು ಕೈಯನ್ನೂ ಕಟ್ಟಿಹಾಕಿದ್ದರೆ ಹೇಗೋ ಹಾಗೆ ಅವನು ನಿಂತಲ್ಲೇ ಕಾಲು ಬದಲಿಸುತ್ತಿದ್ದ. ಆದರೆ ಅವನು ಅರವನ್ನು ಜೇಬಿಗೆ ಇಳಿಸಿದ.

ಲೂ ಬೆಟ್ಟ ಹತ್ತಿದಳು. ಆ ಬೇಸಿಗೆಯಿಡೀ ಹೋಬಿ ಬೆಟ್ಟದ ಕಡೆ ನೋಡುತ್ತ ಊರಿನ ಪ್ರತಿಯೊಂದು ಬಾಗಿಲ ಚಿಲಕವನ್ನೂ ಉಜ್ಜಿದ. ಆ ಒಂದು ಬೆರಳು ಅವನ ನಿದ್ದೆಯೊಳಗೆ ಮುಳ್ಳಾಗಿ ಕೂತಿತ್ತು. ಶರತ್ಕಾಲದಲ್ಲಿ ಮಂದೆ ಇಳಿದು ಬಂದಾಗ ಅವನು ಕುರಿಗಳನ್ನು ನೋಡಲಿಲ್ಲ, ಅಕ್ಕನ ಮುಖವನ್ನೂ ನೋಡಲಿಲ್ಲ. ನೇರ ಅವಳ ಸೊಂಟದ ಪಟ್ಟಿಯನ್ನು ನೋಡಿದ. ತುಂಬಿಸಿಕೊಂಡು ಹೋಗಿದ್ದ ತೋಟಾಗಳ ಸಾಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಒಂದೇ.

‘ಒಂದು ಕುರಿ ಕಾಲು ಮುರ್ಕೊಂಡಿತ್ತು ಪಾಪ’ ಎಂದಳು ಲೂ. ‘ಅದಕ್ಕೆ ಸದ್ದೂ ಕೇಳ್ಸಿರ್ಲಿಕ್ಕಿಲ್ಲ.’ ಹೋಬಿ ಅವಳ ಕೈಗವಸಿಲ್ಲದ ಕೈಯನ್ನು ಹಿಡಿದುಕೊಂಡ. ಅಳತೆ ತೆಗೆದುಕೊಂಡನೆಂದು ಹೇಳುವವರು ಹೇಳಲಿ.

ಲೋಕದಲ್ಲಿ ಎರಡು ಬಗೆಯ ಜನ. ಸೃಷ್ಟಿಕಾರ್ಯ ಆರು ದಿನದಲ್ಲಿ ಮುಗಿಯಿತೆಂದು ನಂಬಿ ಏಳನೆಯ ದಿನ ಕಾಲು ಚಾಚುವ ನನ್ನಂಥವರು ಒಂದು ಬಗೆ. ಅದು ಇನ್ನೂ ಮುಗಿದಿಲ್ಲ, ಎಲ್ಲೋ ಒಂದು ಕೂದಲೆಳೆಯಷ್ಟು ಬಾಕಿಯಿದೆ ಎಂಬ ಶಂಕೆಯಲ್ಲಿ ನಿಂತೇ ಇರುವ ಹೋಬಿಯಂಥವರು ಇನ್ನೊಂದು. ಇವರಿಂದ ಮನೆಯವರಿಗೆ ನೆಮ್ಮದಿಯಿಲ್ಲ, ಊಟ ಬಿಸಿಯಾಗಿರುವುದಿಲ್ಲ. ಆದರೆ ನಮ್ಮ ಕೈಗೆ ಒಗ್ಗಿದ ವಸ್ತು ಯಾವುದಾದರೂ ಇದ್ದರೆ, ಅದರ ಹಿಂದೆ ಇಂಥವನೊಬ್ಬನ ಉಪವಾಸವಿರುತ್ತದೆ.

ಇದನ್ನೆಲ್ಲ ನಾನು ಹರಾಜಿನ ದನಿಯಲ್ಲಿ ಅವನೆದುರಿಗೇ ಹೇಳಿ, ನೀನು ಸತ್ತರೆ ಸ್ವರ್ಗದ ಒಳಗೂ ಹೋಗುವವನಲ್ಲ, ಬಾಗಿಲಲ್ಲೇ ನಿಂತು ದೇವರು ಮಾಡಿದ ಚಿಲಕವನ್ನು ಉಜ್ಜುತ್ತಿರುತ್ತೀಯ ಎಂದು ಮುಗಿಸಿದೆ. ಅವನು ನನ್ನ ಊರುಗೋಲಿನ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೇಳಿಸಿಕೊಳ್ಳುತ್ತಿದ್ದ.

‘ಮಾಡ್ದೋನ ಕೈಗೆ ಆ ಚಿಲಕ ಸರಿಯಾಗೇ ಇರತ್ತೆ ಬಿಡು’ ಎಂದ. ‘ಬಾಗಿಲು ತೆಗ್ಯೋರ ಕೈ ಅಳತೆ ಯಾರು ತಗೊಂಡಿದಾರೆ?’