ಜರಗನಹಳ್ಳಿಯಲ್ಲಿ ಕೊನೆಯ ರೀಲು

ಪರಮಶಿವಯ್ಯನಿಗೆ ಕೂತಲ್ಲಿ ಕೂರಲಾಗದ ರೋಗ ಹತ್ತಿದ್ದು ಅವನ ಸಿನಿಮಾ ಮುಗಿದ ಮೇಲೆ. ಅದಕ್ಕೆ ಮುಂಚೆ ಜಯನಗರದಲ್ಲಿ ಬಾಡಿಗೆ ಮನೆ, ವಿಮಾ ಕಚೇರಿಯಲ್ಲಿ ಗುಮಾಸ್ತಿಕೆ, ಸಂಜೆಗೊಂದು ಲೋಟ ಕಾಫಿ ಎಂದುಕೊಂಡು ಎಲ್ಲರಂತೆಯೇ ಇದ್ದ. ಅವನ ಕಿವಿಯಲ್ಲಿ ಯಾರು ಊದಿದರೋ ಕಾಣೆ, ಇದ್ದಕ್ಕಿದ್ದಂತೆ ಸಿನಿಮಾ ಮಾಡುತ್ತೇನೆಂದು ಹೊರಟುಬಿಟ್ಟ. ಅದೂ ಎಂಥ ಸಿನಿಮಾ! ಹದಿನಾರು ಎಂ.ಎಂ. ಕ್ಯಾಮೆರಾ, ಕಪ್ಪು ಬಿಳುಪು, ಹಾಡಿಲ್ಲ, ಹೊಡೆದಾಟವಿಲ್ಲ, ಮುಖಕ್ಕೆ ಪೌಡರು ಕೂಡ ಇಲ್ಲ. ಪಾತ್ರ ಮಾಡಿದವರು ಕನಕಪುರ ರಸ್ತೆಯ ಜರಗನಹಳ್ಳಿಯ ಜನ ಮತ್ತು ಅವರ ಎಮ್ಮೆಗಳು. ನಾಯಕಿ ಯಾರೆಂದರೆ, ಅವನ ಮನೆಗೆ ಹಾಲು ಹಾಕುತ್ತಿದ್ದ ಗೋವಿಂದಮ್ಮ.

ಯಾವ ಟಾಕೀಸಿನವರೂ ಅದನ್ನು ಹತ್ತಿರ ಸೇರಿಸಲಿಲ್ಲ. ಸರಿ, ಜನ ಸಿನಿಮಾದ ಹತ್ತಿರ ಬರದಿದ್ದರೆ ಸಿನಿಮಾನೇ ಜನರ ಹತ್ತಿರ ಹೋಗಲಿ ಎಂದು ಪರಮಶಿವಯ್ಯ ಪ್ರೊಜೆಕ್ಟರು ಬಾಡಿಗೆಗೆ ಹಿಡಿದ. ಅದನ್ನು ನಡೆಸಲು ಪಿಳ್ಳಣ್ಣ ಎಂಬ ಕೈಪಳಗಿದ ಆಪರೇಟರು ಸಿಕ್ಕಿದ. ಎಪ್ಪತ್ತೊಂಬತ್ತರ ಬೇಸಿಗೆಯುದ್ದಕ್ಕೂ ಇಬ್ಬರೂ ಆಟೋದಲ್ಲಿ ಡಬ್ಬಿ ಪೆಟ್ಟಿಗೆ ಹೇರಿಕೊಂಡು ಬಡಾವಣೆಯಿಂದ ಬಡಾವಣೆಗೆ ಅಲೆದರು.

ಜಯನಗರದ ಸಂಘವೊಂದರ ಸಭಾಂಗಣದಲ್ಲಿ ಮೂರನೇ ರೀಲಿಗೆ ಕರೆಂಟು ಹೋಯಿತು. ಅದನ್ನೇ ಕಾಯುತ್ತಿದ್ದವರಂತೆ ಜನ ಚಪ್ಪಲಿ ಹುಡುಕಿಕೊಂಡು ಹೊರಟರು. ಬನಶಂಕರಿಯ ಛತ್ರದಲ್ಲಿ, ಮಾರನೆಯ ದಿನದ ಮದುವೆಯ ಅಡಿಗೆಯವರು ಪಾತ್ರೆ ಹೊತ್ತು ಪರದೆಯ ಮುಂದೆಯೇ ಓಡಾಡಿದರು. ಊರಂಚಿನ ಹೊಸ ಲೇಔಟಿನಲ್ಲಿ ಮನೆಗಳಿಗಿಂತ ಖಾಲಿ ಸೈಟೇ ಹೆಚ್ಚು. ಬಂದಿದ್ದ ನಾಲ್ಕು ಜನ ಸೊಳ್ಳೆಗೆ ಹೆದರಿ ಎದ್ದರು. ಪರಮಶಿವಯ್ಯ ಕುರ್ಚಿಗಳ ಹಿಂದೆ ಅತ್ತಿಂದಿತ್ತ, ಇತ್ತಿಂದತ್ತ ಓಡಾಡುತ್ತ ಯಾರಾದರೂ ಕೆಮ್ಮಿದರೂ ಎದ್ದುಬಿಟ್ಟರೇನೋ ಎಂದು ಬೆಚ್ಚುತ್ತಿದ್ದ. 'ಸಾರ್, ಒಂದ್ ಕಡೆ ಕೂತ್ಕೊಳ್ಳಿ, ನಿಮ್ಮನ್ನ ನೋಡಿ ನಂಗೇ ತಲೆ ತಿರುಗುತ್ತೆ' ಎಂದು ಪಿಳ್ಳಣ್ಣ ಬೈಯುತ್ತಿದ್ದ.

ಅವನ ಚಡಪಡಿಕೆಗೆ ಕಾರಣವಿತ್ತು. ಸಿನಿಮಾದ ನಾಲ್ಕನೇ ರೀಲನ್ನು, ಅಂದರೆ ಕೊನೆಯದನ್ನು, ಇದುವರೆಗೆ ಒಬ್ಬ ನರಪಿಳ್ಳೆಯೂ ನೋಡಿರಲಿಲ್ಲ. ಅದರಲ್ಲಿ ಗೋವಿಂದಮ್ಮನ ಪಾತ್ರ ಸಾಯುತ್ತದೆ. ಗಂಡಸರು ಮಾತಿಲ್ಲದೆ ಚಟ್ಟ ಕಟ್ಟುತ್ತಾರೆ, ಹೆಣ ಹೊಸ್ತಿಲು ದಾಟುತ್ತದೆ. ಆಮೇಲೆ ಪರದೆಯ ತುಂಬ ಬರೀ ಮನೆ. ತಣ್ಣಗಾದ ಒಲೆ, ತಂತಿಯ ಮೇಲೆ ಅವಳ ಸೀರೆ, ಹಾಲು ಕರೆಯುವವರಿಲ್ಲದೆ ಕೂಗುವ ಎಮ್ಮೆ. ಪರಮಶಿವಯ್ಯನ ತಾಯಿ ತೀರಿಕೊಂಡ ದಿನ ಅವನು ಕಂಡ ಮನೆ ಅದು. ಅಂದು ತಾನು ಕಂಡದ್ದನ್ನು ಇನ್ನೊಬ್ಬರು ಕಾಣಲಿ ಎಂದೇ ಅವನು ಇಡೀ ಸಿನಿಮಾ ಮಾಡಿದ್ದು. ಮಿಕ್ಕ ಮೂರು ರೀಲು ಅಲ್ಲಿಗೆ ಹೋಗುವ ದಾರಿ, ಅಷ್ಟೆ. ಜನ ದಾರಿಯಲ್ಲೇ ಇಳಿದು ಹೋಗುತ್ತಿದ್ದರು.

ಕೊನೆಗೆ ಒಂದು ಆಸೆ ಚಿಗುರಿತು. ಜಿಲ್ಲೆಗಳಲ್ಲಿದ್ದ ಚಿತ್ರಸಮಾಜಗಳಿಗೆಲ್ಲ ಸಿನಿಮಾ ಆರಿಸಿ ಕಳಿಸುವ ಗಂಗಾಧರಯ್ಯನವರು ಭಾನುವಾರ ಜರಗನಹಳ್ಳಿಗೇ ಬಂದು ನೋಡಲು ಒಪ್ಪಿದರು. ಅವರು ಹೂಂ ಅಂದರೆ ಮೈಸೂರು, ಹಾಸನ, ಶಿವಮೊಗ್ಗ ಎಂದು ಸಿನಿಮಾ ಊರೂರು ಸುತ್ತುತ್ತಿತ್ತು. 'ಆದ್ರೆ ಪೂರ್ತಿ ನೋಡ್ಬೇಕು ಪರಮಶಿವಯ್ಯನವರೇ. ಅರ್ಧಂಬರ್ಧ ನೋಡಿ ಶಿಫಾರಸು ಮಾಡೋ ಅಭ್ಯಾಸ ನನಗಿಲ್ಲ. ಸೋಮವಾರ ನಮ್ಮ ಕಮಿಟಿ. ಇನ್ನೊಂದ್ಸಲ ಬರೋಕೂ ಆಗಲ್ಲ' ಎಂದಿದ್ದರು.

ಭಾನುವಾರ ಮಧ್ಯಾಹ್ನ ಜರಗನಹಳ್ಳಿಯಲ್ಲಿ ಆಟೋ ಇಳಿದರೆ ಬೈರಣ್ಣ ಅಡ್ಡಗಾಲು ಹಾಕಿಕೊಂಡು ನಿಂತಿದ್ದ. ಹೊಲ ಬಡಾವಣೆಗೆ ಹೋದಮೇಲೆ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು, ಹಿಟ್ಟಿನ ಗಿರಣಿಯನ್ನೂ ಇಟ್ಟಿದ್ದ ಆಸಾಮಿ. ಪ್ರೊಜೆಕ್ಟರಿಗೆ ಕರೆಂಟು ಬರಬೇಕಾದ್ದು ಆ ಗಿರಣಿಯಿಂದಲೇ.

'ಮೂರು ರೀಲು ಬಿಡಿ, ಬ್ಯಾಡ ಅನ್ನಲ್ಲ' ಎಂದ ಬೈರಣ್ಣ. 'ನಾಕನೇದು ಮಾತ್ರ ಬ್ಯಾಡ. ಬದುಕಿ ಬಾಳ್ತಾ ಇರೋ ಹೆಂಗಸನ್ನ ಊರ ಮುಂದೆ ಹೆಣ ಮಾಡಿ ತೋರಿಸ್ತೀರಾ? ನಾಳೆ ಏನಾರ ಆದ್ರೆ ಯಾರು ಜವಾಬ್ದಾರಿ?'

'ಅದು ಬರೀ ನಟನೆ ಬೈರಣ್ಣ. ಶೂಟಿಂಗ್ ಮಾಡಿದಾಗ ನೀವೂ ಇದ್ರಲ್ಲ!'

'ಇದ್ದೆ. ಅವಾಗ ಮಲಗಿದ್ಲು, ಎದ್ಲು, ಹೋಗಿ ಮುದ್ದೆ ಉಂಡ್ಲು. ಪರದೆ ಮೇಲೆ ಎದ್ದೇಳ್ತಾಳಾ?'

ಪರಮಶಿವಯ್ಯ ಬೇಡಿದ, ಗದರಿದ, ಕೈ ಮುಗಿದ. ಬೈರಣ್ಣ ಜಗ್ಗಲಿಲ್ಲ. ಇನ್ನೇನು, ಪೆಟ್ಟಿಗೆ ಕಟ್ಟುವುದೇ ಎಂದುಕೊಳ್ಳುತ್ತಿರುವಾಗ ಗೋವಿಂದಮ್ಮನೇ ಬಂದಳು. ತಲೆಗೆ ನೀರು ಹಾಕಿಕೊಂಡು ಕೂದಲು ಒಣಗದೆ ಹಾಗೇ ಬಂದಿದ್ದಳು, ಮುಖ ಬಿಳುಚಿಕೊಂಡಿತ್ತು.

'ತೋರ್ಸಿ ಸಾಮಿ, ಸತ್ತಿದ್ದನ್ನೇ ತೋರ್ಸಿ' ಎಂದಳು. 'ಬೆಳಗ್ಗೆ ಹುಲ್ಲು ಹಾಕ್ತಾ ಇದ್ನಾ, ಕಾಗೆ ಬಂದು ನೆತ್ತಿ ಮ್ಯಾಲೇ ಕುಂತ್ಬುಡ್ತು.'

ಬೈರಣ್ಣ ಅಡ್ಡಗಾಲು ತೆಗೆದ. ಕಾಗೆ ತಲೆಯ ಮೇಲೆ ಕೂತರೆ ಆಯಸ್ಸಿಗೆ ಕುತ್ತು. ಅದಕ್ಕೆ ಪರಿಹಾರವೇನೆಂದು ಆ ಕಡೆಯಲ್ಲಿ ಎಲ್ಲರಿಗೂ ಗೊತ್ತು. ಸತ್ತುಹೋದಳೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಮುಟ್ಟಿಸಬೇಕು, ಅವರು ನಂಬಿ ಅಳಬೇಕು. ಕಣ್ಣೀರು ಬಿದ್ದರೆ ಕುತ್ತು ಕಳೆಯಿತು. ಅತ್ತ ಕೂಡಲೇ ನಿಜ ಹೇಳಿಬಿಡಬೇಕು, ತಡ ಮಾಡಕೂಡದು. ಸುಳ್ಳನ್ನು ಬೆಳೆಯಲು ಬಿಟ್ಟರೆ ಅದೇ ನಿಜವಾಗುತ್ತದೆಂದು ಭಯ.

ಗೋವಿಂದಮ್ಮನಿಗಿದ್ದ ಒಡಹುಟ್ಟು ಒಬ್ಬಳೇ, ಅರೆಕೆರೆಗೆ ಕೊಟ್ಟಿದ್ದ ಅಕ್ಕ ಸೊಣ್ಣಮ್ಮ. ತಾಯಿಯನ್ನು ಯಾರು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಜಗಳದಲ್ಲಿ ಇಬ್ಬರಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಆದರೂ ಬೆಳಗ್ಗೆಯೇ ಗೋವಿಂದಮ್ಮನ ಗಂಡ ಬೈಲಪ್ಪ ಸೈಕಲ್ಲು ತುಳಿದುಕೊಂಡು ಹೋಗಿ, ಬಾಗಿಲಲ್ಲೇ ನಿಂತು 'ಗೋವಿಂದಿ ಹೋಗ್ಬುಟ್ಲು ಅತ್ತಿಗೆ' ಎಂದು ಗೋಳಾಡಿದ್ದ. ಸೊಣ್ಣಮ್ಮ ಮೊರದಿಂದ ತಲೆ ಕೂಡ ಎತ್ತಲಿಲ್ಲವಂತೆ. 'ಕಾಗೆ ಮುಟ್ಟಿರ್ಬೇಕು. ಹೋಗಿ ಬೇರೆ ಯಾರನ್ನಾರ ಅಳ್ಸು' ಎಂದಳಂತೆ.

'ಅವ್ಳು ಕಿವಿಯಾಗೆ ಕೇಳಿದ್ರೆ ನಂಬಲ್ಲ. ಕಣ್ಣಾರೆ ನೋಡಿದ್ರೆ ಅತ್ತೇ ಅಳ್ತಾಳೆ' ಎಂದಳು ಗೋವಿಂದಮ್ಮ. 'ಪಿಚ್ಚರ್ ಅಂದ್ರೆ ಪ್ರಾಣ ಅವ್ಳಿಗೆ. ಅರೆಕೆರೆಯಾಗೆ ಟಾಂಟಾಂ ಹೊಡ್ಸಿದ್ರೆ ಬಂದೇ ಬತ್ತಾಳೆ.'

ಪರಮಶಿವಯ್ಯನಿಗೆ ಕಾಗೆಯಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ. ಆದರೆ ಆ ಗಳಿಗೆಯಲ್ಲಿ ಯಾರಾದರೂ ಹಿಡಿದು ತಂದಿದ್ದರೆ ಆ ಕಾಗೆಗೆ ಹಾರ ಹಾಕುತ್ತಿದ್ದ. ಕರೆಂಟು ಸಿಕ್ಕಿತು, ಕೊನೆಯ ರೀಲೂ ಉಳಿಯಿತು.

ದೀಪ ಹಚ್ಚುವ ಹೊತ್ತಿಗೆ ಗಿರಣಿಯ ಮುಂದಿನ ಬಯಲು ತುಂಬಿತು. ಗಂಗಾಧರಯ್ಯನವರಿಗೆ ಹಿಂದುಗಡೆ ಒಂದೇ ಒಂದು ಕುರ್ಚಿ. ಉಳಿದವರೆಲ್ಲ ನೆಲದ ಮೇಲೆ. ಸೊಣ್ಣಮ್ಮ ಅರೆಕೆರೆಯ ಹೆಂಗಸರ ಜೊತೆ ಬಂದು, ತಂಗಿಯ ಮನೆಯ ಕಡೆ ಬೆನ್ನು ತಿರುಗಿಸಿ ಮುಂದೆಯೇ ಕೂತಳು. ಗೋವಿಂದಮ್ಮ ಸೆರಗು ಹೊದ್ದು ಅವಳ ಹಿಂದೆ, ಎರಡು ಸಾಲು ಬಿಟ್ಟು ಮುದುಡಿಕೊಂಡಳು.

ಮೊದಲ ಮೂರು ರೀಲು ನಡೆದದ್ದು ಸಿನಿಮಾ ಅಲ್ಲ, ಸಂತೆ. ಎಮ್ಮೆ ಕಂಡರೆ ಅದರ ಹೆಸರು ಕೂಗಿದರು. ಬಾವಿ ಕಂಡರೆ ಅದರ ನೀರಿನ ರುಚಿ ಹೇಳಿದರು. 'ಅಯ್ಯೋ, ಬೈಲಪ್ಪನ ಗೋಡೆ ಅವಾಗ್ಲೇ ಬಿರುಕು ಬಿಟ್ಟಿತ್ತು ನೋಡು!' ಎಂದು ಯಾರೋ ನಕ್ಕರು. ಗಂಗಾಧರಯ್ಯನವರು ತುಟಿ ಬಿಗಿದುಕೊಂಡು ನೋಡುತ್ತಿದ್ದರು. ಪರಮಶಿವಯ್ಯ ಒಮ್ಮೆ ಅವರ ಹಿಂದೆ, ಒಮ್ಮೆ ಪಿಳ್ಳಣ್ಣನ ಪಕ್ಕ, ಒಮ್ಮೆ ಪರದೆಯ ಹಿಂದೆ. ಆದರೆ ಒಬ್ಬರೂ ಎದ್ದು ಹೋಗಿರಲಿಲ್ಲ. ಅದನ್ನು ನೋಡಿ ಅವನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಗಾಬರಿಯಾಗುತ್ತಿತ್ತು.

ಪಿಳ್ಳಣ್ಣ ನಾಲ್ಕನೇ ರೀಲು ಏರಿಸಿದ. ಪರದೆಯ ಮೇಲೆ ಗೋವಿಂದಮ್ಮ ಚಾಪೆ ಹಿಡಿದಳು, ಒಂದು ಗುಟುಕು ನೀರು ಕುಡಿದಳು, ಮುಖ ಗೋಡೆಗೆ ತಿರುಗಿಸಿದಳು. ನಗು ನಿಂತಿತು. ನಡುಮನೆಯಲ್ಲಿ ಹೆಣ ಮಲಗಿಸಿದರು. ಹಣೆಯಲ್ಲಿ ಕಾಸಗಲ ಕುಂಕುಮ, ಬಾಯಲ್ಲಿ ವೀಳ್ಯದೆಲೆ. ಆ ಮುಖಕ್ಕೆ ಬಂದು ಕೂತ ನೊಣವೊಂದು ಕಣ್ಣ ರೆಪ್ಪೆಯ ಮೇಲೆ ನಡೆಯಿತು, ರೆಪ್ಪೆ ಅಲುಗಲಿಲ್ಲ. ಶೂಟಿಂಗಿನ ದಿನ ಆ ನೊಣಕ್ಕೆ ಪರಮಶಿವಯ್ಯ ಮನಸ್ಸಿನಲ್ಲೇ ನಮಸ್ಕಾರ ಹಾಕಿದ್ದ.

ಆಗ ಮುಂದಿನ ಸಾಲಿನಿಂದ ಒಂದು ದನಿ ಎದ್ದಿತು.

'ನನ್ನವ್ವ ಗೋವಿಂದೀ... ನನ್ನ ಬುಟ್ಟು ಹೋದ್ಯೇನೇ... ಎತ್ತಾಡಿಸಿದ ಕೈ ಇಲ್ಲೇ ಐತಲ್ಲೇ ನನ್ ಕಂದಾ...'

ಸೊಣ್ಣಮ್ಮ ಎದೆ ಬಡಿದುಕೊಂಡಳು. ಅವಳ ಬೆನ್ನಿಗೆ ಅರೆಕೆರೆಯ ಹೆಂಗಸರು, ಅವರ ಬೆನ್ನಿಗೆ ಜರಗನಹಳ್ಳಿಯವರು. ಸತ್ತವಳು ಎರಡು ಸಾಲು ಹಿಂದೆ ಕೂತಿದ್ದಾಳೆಂದು ಗೊತ್ತಿದ್ದವರೂ ಅತ್ತರು. ಅಷ್ಟು ಜನ ಅಳುವಾಗ ಅಳದೆ ಇರುವುದು ಯಾರಿಗೂ ಆಗಲಿಲ್ಲ. ಬೈರಣ್ಣ ಕೂಡ ಟವಲಿನಿಂದ ಮೂಗು ಒರೆಸಿಕೊಂಡ. ಪರಮಶಿವಯ್ಯನ ಮೈ ಜುಮ್ಮೆಂದಿತು. ಎದುರಿಗೆ ಇಷ್ಟು ಜನ, ಒಬ್ಬರ ಕಣ್ಣೂ ಪರದೆ ಬಿಟ್ಟು ಅಲುಗುತ್ತಿಲ್ಲ. ಇನ್ನು ಚಟ್ಟ, ಹೊಸ್ತಿಲು, ಆಮೇಲೆ ಆ ಮನೆ.

ಆಗ ಗೋವಿಂದಮ್ಮ ಎದ್ದು ಜನರನ್ನು ತುಳಿದುಕೊಂಡೇ ಅವನ ಹತ್ತಿರ ಓಡಿ ಬಂದಳು.

'ಸಾಮಿ, ನಿಲ್ಸಿ! ಅತ್ತಾಯ್ತು. ನಿಲ್ಸಿ ಈಗ!'

'ಸ್ವಲ್ಪ ತಡೀರಿ ಗೋವಿಂದಮ್ಮ, ಇನ್ನೇನು ಮುಗಿಯುತ್ತೆ.'

'ಅಯ್ಯೋ, ಮುಗೀಬಾರ್ದು ಸಾಮಿ! ಅತ್ತ ಮ್ಯಾಲೆ ತಡ ಮಾಡಂಗಿಲ್ಲ. ಚಟ್ಟ ಎತ್ತುಸ್ಬ್ಯಾಡಿ, ನನ್ನ ಹೊಸ್ಲು ದಾಟುಸ್ಬ್ಯಾಡಿ!'

'ಏನದು ಗಲಾಟೆ? ನಿಲ್ಲಿಸ್ಬೇಡಿ' ಎಂದರು ಗಂಗಾಧರಯ್ಯನವರು, ಕುರ್ಚಿಯಲ್ಲೇ ತಿರುಗಿ. ಅವರ ಕಣ್ಣೂ ಒದ್ದೆಯಾಗಿತ್ತು. 'ತುಂಬಾ ಚೆನ್ನಾಗಿ ಬಂದಿದೆ. ನಿಲ್ಲಿಸ್ಬೇಡಿ.'

ಪಿಳ್ಳಣ್ಣ ಸ್ವಿಚ್ಚಿನ ಮೇಲೆ ಕೈಯಿಟ್ಟು ಪರಮಶಿವಯ್ಯನ ಮುಖ ನೋಡಿದ. ಪರದೆಯ ಮೇಲೆ ಬಿದಿರು ಕಟ್ಟುತ್ತಿದ್ದರು. ಪರಮಶಿವಯ್ಯನಿಗೆ ಸಿಟ್ಟು ನೆತ್ತಿಗೇರಿತು. ಇದೆಂಥ ಮೂಢತನ, ಒಂದು ಕಾಗೆಗಾಗಿ ನನ್ನ ಬಾಳು ಹಾಳುಮಾಡುತ್ತೀಯಾ ಎಂದು ಕಿರುಚಬೇಕೆನಿಸಿತು. ಕಿರುಚಲೆಂದೇ ತಿರುಗಿದ. ಗೋವಿಂದಮ್ಮ ಅವನ ಅಂಗಿಯ ತೋಳು ಹಿಡಿದುಕೊಂಡು ಪರದೆಯನ್ನೇ ನೋಡುತ್ತಿದ್ದಳು, ಗಡಗಡ ನಡುಗುತ್ತಿದ್ದಳು. ಒಂದಿಡೀ ಹಗಲು ಅವನಿಗಾಗಿ ನೊಣ ಮುತ್ತಿಸಿಕೊಂಡು ಅಲುಗದೆ ಮಲಗಿದ್ದ ಹೆಂಗಸು ಈಗ ನಿಂತಲ್ಲಿ ನಿಲ್ಲಲಾರದೆ ನಡುಗುತ್ತಿದ್ದಳು.

ಅಲ್ಲಿ ನಾಲ್ವರು ಚಟ್ಟಕ್ಕೆ ಹೆಗಲು ಕೊಡಲು ಬಗ್ಗಿದರು. ಪರಮಶಿವಯ್ಯ ಪಿಳ್ಳಣ್ಣನ ಕೈ ಸರಿಸಿ ತಾನೇ ಸ್ವಿಚ್ಚು ಆರಿಸಿದ.

ಕತ್ತಲಾಯಿತು. ಅಳು ಗಕ್ಕನೆ ನಿಂತಿತು.

'ಅಕ್ಕಾ' ಎಂದಳು ಗೋವಿಂದಮ್ಮ ಕತ್ತಲಲ್ಲಿ. 'ಇಲ್ಲೇ ಇವ್ನಿ ಕಣಕ್ಕಾ.'

ಯಾರೋ ಗಿರಣಿಯ ಬಲ್ಬು ಹಾಕುವಷ್ಟರಲ್ಲಿ ಸೊಣ್ಣಮ್ಮ ತಂಗಿಯ ಬೆನ್ನಿಗೆ ದಬದಬ ಗುದ್ದುತ್ತಿದ್ದಳು. 'ಸಾಯ್ಬುಡ್ತೀನಿ ಅಂದ್ಕಂಡಿದ್ದೆ ಕಣೇ ಮುಂಡೇದೇ, ಎದೆ ಒಡ್ದು ನಾನೇ ಸಾಯ್ಬುಡ್ತೀನಿ ಅಂದ್ಕಂಡಿದ್ದೆ!' ಇಬ್ಬರೂ ನಗುತ್ತಿದ್ದರು, ಇಬ್ಬರ ಮೂಗೂ ಸೋರುತ್ತಿತ್ತು. ಬೈರಣ್ಣ ಒಳಗಿನಿಂದ ಬೆಲ್ಲ ತರಿಸಿ ಹಂಚಿದ.

ಗಂಗಾಧರಯ್ಯನವರು ಕೈಗೆ ಬಂದ ಬೆಲ್ಲದ ಚೂರನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿದ್ದರು. 'ಇನ್ನುಳಿದದ್ದನ್ನ ಹಾಕಿ ನೋಡೋಣ' ಎಂದರು. ಪರಮಶಿವಯ್ಯ ಬೇಡವೆಂದು ತಲೆಯಾಡಿಸಿದ. ಈ ಬಯಲಿನಲ್ಲಿ ಈ ಹೊತ್ತು ಅದು ಆಗದ ಮಾತೆಂದು ಅವನಿಗೂ ಗೊತ್ತಿತ್ತು, ಬಹುಶಃ ಅವರಿಗೂ. 'ಹಾಗಾದ್ರೆ ಕಮಿಟಿಗೆ ನಾನೇನು ಹೇಳಲಿ?' ಎಂದು ಕೇಳಿ ಬಸ್ಸಿಗೆ ನಡೆದರು. ಮೈಸೂರು, ಹಾಸನ, ಶಿವಮೊಗ್ಗ ಎಲ್ಲವೂ ಅವರ ಹಿಂದೆಯೇ ನಡೆದುಹೋದಂತಾಗಿ ಪರಮಶಿವಯ್ಯನಿಗೆ ಹೊಟ್ಟೆ ಉರಿಯಿತು. ಉರಿಯದೆ ಏನು, ಅವನೂ ಮನುಷ್ಯನೇ.

ಸೊಣ್ಣಮ್ಮ ಮುಖ ಒರೆಸಿಕೊಳ್ಳುತ್ತ ಅವನ ಹತ್ತಿರ ಬಂದಳು. 'ಒಂದು ಕೇಳ್ಲಾ ಸಾಮಿ? ಆ ಹೆಣದ ಮುಂದೆ ಒಬ್ರೂ ಅಳ್ಲಿಲ್ವಲ್ಲ, ಯಾಕೆ? ಆ ಮನೆಯಾಗೆ ಹೆಂಗಸ್ರೇ ಇರ್ಲಿಲ್ವಾ?'

ಅಳು ಇರಬಾರದು, ಮೌನವೇ ಮಾತಾಡಬೇಕು ಎಂದು ಅವನೇ ಎಲ್ಲರ ಬಾಯಿ ಮುಚ್ಚಿಸಿದ್ದ. ಅದನ್ನು ಇವಳಿಗೆ ಹೇಗೆ ಹೇಳುವುದೆಂದು ತಡವರಿಸಿದ. 'ಇರ್ಲಿಲ್ಲ ಅಮ್ಮ' ಎಂದ ಕೊನೆಗೆ. 'ನಮ್ಮಮ್ಮ ಹೋದಾಗ ನಾನು, ನಮ್ಮಪ್ಪ ಇಬ್ರೇ ಇದ್ದಿದ್ದು. ಇಬ್ರಿಗೂ ಅಳೋಕೆ ಬರಲಿಲ್ಲ.'

'ಅಯ್ಯೋ ಪಾಪ' ಎಂದಳು ಸೊಣ್ಣಮ್ಮ. 'ನಂಗೊಂದ್ ಮಾತು ಹೇಳ್ಕಳ್ಸಿದ್ರೆ ಬತ್ತಿರ್ಲಿಲ್ವಾ ನಾನು? ಹೋಗ್ಲಿ ಬುಡಿ ಸಾಮಿ, ಈಗ ನಿಮ್ಮವ್ವಂಗೂ ಸೇರ್ಸೇ ಅತ್ತಾಯ್ತು.'

ಎಲ್ಲರೂ ನೋಡುತ್ತಿದ್ದರಲ್ಲ, ಪರಮಶಿವಯ್ಯ ಪ್ರೊಜೆಕ್ಟರಿನ ಪಕ್ಕದಲ್ಲಿ ಬಗ್ಗಿ, ವಯರು ಸುತ್ತುವ ನೆಪ ಮಾಡಿಕೊಂಡು ಬಿಕ್ಕಿದ. ಪಿಳ್ಳಣ್ಣ ಡಬ್ಬಿಗಳನ್ನು ತಾನೊಬ್ಬನೇ ಪೆಟ್ಟಿಗೆಗೆ ತುಂಬಿದ.